ಕೆರೆ ಏರಿ ಮೇಲೆ ಬಿಸಿ ಬುತ್ತಿ: ಈ ಚಳಿಗಾಲದ ಲೆಕ್ಕ

ನವೆಂಬರ್ 23, ಭಾನುವಾರ

ಬೆಳಗ್ಗೆ ಐದೂವರೆಗೆ ನಾನು, ಚಿಕ್ಕಪ್ಪ ಇಬ್ಬರೂ ಕೆರೆ ಏರಿ ಮೇಲಿದ್ದೆವು. 14 ಡಿಗ್ರಿ. ನಮ್ಮೂರು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ತಳಿಯಿಂದ ಸ್ವಲ್ಪ ಒಳಗೆ. ಹೊಸೂರು ಸೀಮೆಯ ನೆಲವೇ ಸುಮಾರು 900 ಮೀಟರ್ ಎತ್ತರದಲ್ಲಿದೆ, ತಳಿ ಇನ್ನೂ ಮೇಲೆ. ಬ್ರಿಟಿಷರು ತಳಿಯನ್ನು ಲಿಟಲ್ ಇಂಗ್ಲೆಂಡ್ ಅಂತ ಕರೆಯುತ್ತಿದ್ದರಂತೆ. ಈ ತಿಂಗಳಲ್ಲಿ ನೀರಿನ ಪಕ್ಕ ಒಂದು ಗಂಟೆ ಕೂತರೆ ಆ ಹೆಸರು ಯಾಕೆ ಬಂತು ಅಂತ ಮೈಗೇ ಗೊತ್ತಾಗುತ್ತದೆ.

ಏಳೂವರೆ ಹೊತ್ತಿಗೆ ಗಾಳ ಕಲ್ಲಿಗೆ ಸಿಕ್ಕಿ ತಂಗೂಸಿ (ಗಾಳದ ನೈಲಾನ್ ದಾರ) ಕಿತ್ತುಹೋಯಿತು. ಹೊಸ ಗಾಳ ಕಟ್ಟಬೇಕು. ದಿನಾ ಕಟ್ಟುವ ಗಂಟೇ ಅದು. ತಂಗೂಸಿಯನ್ನು ಗಾಳದ ಕಣ್ಣಿನಲ್ಲಿ ತೂರಿಸಿ, ಅದರ ಮೇಲೇ ಐದು ಸುತ್ತು ಸುತ್ತಿ, ತುದಿಯನ್ನು ಕಣ್ಣಿನ ಪಕ್ಕದ ಸಣ್ಣ ಕುಣಿಕೆಯೊಳಗೆ ಹಾಕಿ, ಎಂಜಲು ಹಚ್ಚಿ ನಿಧಾನಕ್ಕೆ ಎಳೆಯಬೇಕು. ಮನೆಯಲ್ಲಿ 40 ಸೆಕೆಂಡಿನ ಕೆಲಸ. ಇವತ್ತು ಹೆಚ್ಚುಕಡಿಮೆ ನಾಲ್ಕು ನಿಮಿಷ ಹಿಡಿಯಿತು. ಬೆರಳಿನ ತುದಿಗೆ ತಂಗೂಸಿ ಇದೆಯೋ ಇಲ್ಲವೋ ಅನ್ನುವುದೇ ತಿಳಿಯುತ್ತಿರಲಿಲ್ಲ. ಕೊಕ್ಕೆ ಹೆಬ್ಬೆರಳಿಗೆ ಚುಚ್ಚಿದ್ದು ರಕ್ತ ಕಂಡಮೇಲೆ ಗೊತ್ತಾಯಿತು.

ಈ ಚಳಿಗಾಲದ ಕೆಲಸ ಏನು ಅಂತ ಅಲ್ಲೇ ನಿಶ್ಚಯ ಮಾಡಿದೆ. ಕೆರೆ ಹತ್ತಿರ ಬಿಸಿ ಊಟ, ಬಿಸಿ ಕುಡಿಯೋದು ಸಿಗುವ ಹಾಗೆ ಮಾಡಬೇಕು. ಗೆದ್ದೆವೋ ಇಲ್ಲವೋ ಅನ್ನೋದಕ್ಕೆ ಅಳತೆ ಗಾಳದ ಈ ಗಂಟು. ಪ್ರತಿ ಭಾನುವಾರ ಏಳೂವರೆಗೆ ಒಂದು ಗಾಳ ಕಟ್ಟುವುದು, ಎಷ್ಟು ಹೊತ್ತು ಹಿಡಿಯಿತು ಅಂತ ಬರೆಯುವುದು. ಇನ್ನೊಂದು ನಿಯಮವನ್ನೂ ಇವತ್ತೇ ಹಾಕಿಕೊಂಡೆ. ಅಮ್ಮನನ್ನು ನಾಲ್ಕು ಗಂಟೆಗೆ ಎಬ್ಬಿಸಬಾರದು. ಅಡುಗೆ ನನ್ನದೇ.

ತಡವಾಗಿ ಹೋಗಬಹುದಲ್ವಾ ಅಂತ ಅಮ್ಮ ಕೇಳಿದರು. ಹಾಗೆ ಆಗೋದಿಲ್ಲ. ಕೆರೆಯ ಮೀನು ಗುತ್ತಿಗೆಗೆ ಹೋಗಿದೆ. ಗಾಳ ಹಾಕಿಕೊಳ್ಳಿ, ಆದರೆ ಹತ್ತು ಗಂಟೆಯೊಳಗೆ ಎದ್ದುಬಿಡಿ ಅಂತ ಗುತ್ತಿಗೆಯವರು ಹೇಳಿದ್ದಾರೆ. ಆಮೇಲೆ ಅವರ ಹರಿಗೋಲು, ಬಲೆ ಇಳಿಯುತ್ತವೆ. ಅವರು ಬಿಟ್ಟುಕೊಟ್ಟಿರುವುದೇ ದೊಡ್ಡದು. ತಣ್ಣೀರಿನಲ್ಲಿ ಮೀನಿನ ಮೈಯೂ ತಣ್ಣಗಾಗುತ್ತದೆ, ತಿಂದದ್ದು ಕರಗುವುದು ನಿಧಾನ, ಹಸಿವೂ ಕಮ್ಮಿ. ಬಿಸಿಲು ಬಿದ್ದು ದಡದ ನೀರು ಸ್ವಲ್ಪ ಬೆಚ್ಚಗಾದ ಮೇಲೇ ರೋಹು, ಗೆಂಡೆ ಮೇಯಲು ಬರುವುದು. ಅಂದರೆ ಎಂಟೂವರೆಯಿಂದ ಹತ್ತರವರೆಗೆ ನಮಗೆ ಸಿಗುವ ಹೊತ್ತು. ಅದಕ್ಕೆ ಮುಂಚೆ ಮೂರು ಗಂಟೆ ಜಾಗ ಹಿಡಿದು, ಮೇವು ಹಾಕಿ, ಸುಮ್ನೆ ಕಾಯಬೇಕು. ಕೈ ಸಾಯುವುದು ಆ ಮೂರು ಗಂಟೆಯಲ್ಲೇ.

ನವೆಂಬರ್ 30

ಮಳೆ. ಹೋಗಲಿಲ್ಲ. ಮನೆಯಲ್ಲೇ ಫ್ಲಾಸ್ಕ್ ಪರೀಕ್ಷೆ ಮಾಡಿದೆ.

ಹೊಸೂರಿನಲ್ಲಿ ಅಡುಗೆಗೆ ಬಳಸುವ ಥರ್ಮಾಮೀಟರ್ ಒಂದನ್ನು ತಂದೆ, ಕಡ್ಡಿ ಚುಚ್ಚಿ ನೋಡುವಂಥದ್ದು. ನಮ್ಮ ಒಂದು ಲೀಟರ್ ಸ್ಟೀಲ್ ಫ್ಲಾಸ್ಕಿಗೆ ಕುದಿಯುವ ನೀರು ಹಾಗೇ ಸುರಿದು ಇಟ್ಟಾಗ ಐದು ಗಂಟೆ ಆದಮೇಲೆ 61 ಡಿಗ್ರಿ. ಮಧ್ಯಾಹ್ನ ಅದೇ ಫ್ಲಾಸ್ಕಿಗೆ ಮೊದಲು ಕುದಿನೀರು ಹಾಕಿ, ಹತ್ತು ನಿಮಿಷ ಬಿಟ್ಟು, ಚೆಲ್ಲಿ, ಮತ್ತೆ ಕುದಿನೀರು ತುಂಬಿದೆ. ಐದು ಗಂಟೆ ಆದಮೇಲೆ 68. ಒಳಗಿನ ಸ್ಟೀಲ್ ತಣ್ಣಗಿದ್ದರೆ ಹಾಕಿದ ಕೂಡಲೇ ಅದು ಬಿಸಿಯನ್ನು ಕುಡಿದುಬಿಡುತ್ತದೆ. ಕತ್ತಿನವರೆಗೆ ತುಂಬುವುದೂ ಮುಖ್ಯ. ಅರ್ಧ ತುಂಬಿದ ಫ್ಲಾಸ್ಕ್ ಬೇಗ ತಣಿಯುತ್ತದೆ.

ಡಿಸೆಂಬರ್ 7

ಫ್ಲಾಸ್ಕಿನಲ್ಲಿ ಹಾಲು ಹಾಕಿದ ಕಾಫಿ ಒಯ್ದೆ. ಬಿಸಿ ಇತ್ತು, ರುಚಿ ಇರಲಿಲ್ಲ. ಎರಡು ಗಂಟೆ ಮುಚ್ಚಿಟ್ಟ ಹಾಲಿಗೆ ಒಂಥರಾ ಸುಟ್ಟ ವಾಸನೆ ಬರುತ್ತದೆ. ಹಾಲು ಬೆಚ್ಚಗೇ ಬಹಳ ಹೊತ್ತು ಇದ್ದರೆ ಕೆಡುವ ಭಯವೂ ಇದೆ. ಇನ್ನು ಮೇಲೆ ಅಜ್ಜಿ ಮಾಡುತ್ತಿದ್ದ ಬೆಲ್ಲದ ಕಾಫಿಯೇ ಸರಿ, ಹಾಲಿಲ್ಲದೆ.

ಗಂಟು: ಎರಡೂವರೆ ನಿಮಿಷ. ನವೆಂಬರಿಗಿಂತ ವಾಸಿ. ಆದರೆ ಕುಡಿದ ಕಾಲು ಗಂಟೆಗೆ ಮತ್ತೆ ನಡುಕ ಶುರು. ಒಂದು ಲೋಟ ಬಿಸಿ ನೀರಿನಿಂದ ಇಡೀ ಮೈ ಎಷ್ಟು ಕಾದೀತು? ಮೈ ತಾನೇ ಬಿಸಿ ಹುಟ್ಟಿಸಿಕೊಳ್ಳಬೇಕು, ಅದಕ್ಕೆ ಹೊಟ್ಟೆಯಲ್ಲಿ ಗಟ್ಟಿ ಏನಾದರೂ ಇರಬೇಕು.

ಏರಿಯ ಆ ತುದಿಯಲ್ಲಿ ಚಿಕ್ಕಪ್ಪನ ಗೆಳೆಯರೊಬ್ಬರು ಚಳಿಗೆ ಅಂತ ಕ್ವಾರ್ಟರ್ ಬಾಟಲಿ ತೆಗೆದರು. ಅವರಿಗೆ ಹೇಳಿದ್ದನ್ನು ಇಲ್ಲೂ ಬರೆಯುತ್ತೇನೆ. ಹೆಂಡ ಕುಡಿದಾಗ ಚರ್ಮದ ರಕ್ತನಾಳ ಅಗಲವಾಗುತ್ತವೆ. ಒಳಗಿನ ಬಿಸಿ ರಕ್ತ ಚರ್ಮಕ್ಕೆ ಬರುತ್ತದೆ, ಅದಕ್ಕೇ ಬೆಚ್ಚಗೆ ಅನಿಸುವುದು. ಆ ಬಿಸಿ ಅಲ್ಲಿಂದ ಗಾಳಿಗೆ ಹೋಗುತ್ತದೆ, ಒಳಗಿನ ಮೈ ಇನ್ನೂ ತಣ್ಣಗಾಗುತ್ತದೆ. ನೀರಿನ ಪಕ್ಕ, ಪಾಚಿ ಕಟ್ಟಿದ ತೂಬಿನ ಕಲ್ಲಿನ ಮೇಲೆ ನಿಲ್ಲುವವರಿಗೆ ಅದು ಎರಡು ಥರದ ಅಪಾಯ. ಅವರು ಬಾಟಲಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡರು, ನಮ್ಮ ಕಾಫಿ ಕುಡಿದರು.

ಡಿಸೆಂಬರ್ 10, ರಾತ್ರಿ

ಪೆಟ್ಟಿಗೆ ಸಿಕ್ಕಿತು! ಹೊಸೂರಿನ ಮೀನಂಗಡಿಗೆ ಸಮುದ್ರದ ಮೀನು ಐಸ್ ಹಾಕಿಕೊಂಡು ಬರುವ ಥರ್ಮಾಕೋಲ್ ಪೆಟ್ಟಿಗೆ. ಐಸನ್ನು ಕರಗದ ಹಾಗೆ ಕಾಯುವ ಪೆಟ್ಟಿಗೆ ಸಾರನ್ನು ತಣಿಯದ ಹಾಗೂ ಕಾಯಬೇಕು, ಅಲ್ವಾ? ಒಳಗೆ ಏನಿದೆ ಅನ್ನೋದು ಪೆಟ್ಟಿಗೆಗೆ ಗೊತ್ತಿಲ್ಲ. ಬಿಸಿ ಈ ಕಡೆಯಿಂದ ಆ ಕಡೆಗೆ ದಾಟದ ಹಾಗೆ ತಡೆಯುವುದಷ್ಟೇ ಅದರ ಕೆಲಸ.

ವಾಸನೆ ಹೋಗಿಸಲು ಹುಣಸೆಹಣ್ಣು ಕಿವುಚಿ ಉಜ್ಜಿ, ಎರಡು ದಿನ ಬಿಸಿಲಿಗೆ ಇಡಬೇಕು. ಥರ್ಮಾಕೋಲ್‌ಗೆ ಬಿಸಿ ಪಾತ್ರೆ ನೇರವಾಗಿ ತಾಗಿದರೆ ಅದು ಕುಗ್ಗಿ ಹಾಳಾಗುತ್ತದೆ. ಹಾಗಾಗಿ ಸುತ್ತ ಏನಾದರೂ ತುಂಬಬೇಕು. ಮೊದಲು ರಾಗಿ ಹುಲ್ಲು ತುಂಬಿ ನೋಡುತ್ತೇನೆ. ಹಿತ್ತಿಲಲ್ಲಿ ಮೆದೆ ಇದೆ, ದುಡ್ಡು ಕೊಡಬೇಕಿಲ್ಲ.

ಡಿಸೆಂಬರ್ 14

ಮಂಜು ದಟ್ಟವಾಗಿತ್ತು. ತಂಗೂಸಿಗೆ ಕಟ್ಟಿ ನೀರ ಮೇಲೆ ತೇಲಿಬಿಟ್ಟ ಬೆಂಡು ಎಲ್ಲಿದೆ ಅಂತ ಎಂಟರವರೆಗೂ ಕಾಣಲಿಲ್ಲ.

ಹಿತಕಿದ ಬೇಳೆ ಸಾರು ಒಯ್ದಿದ್ದೆ. ಅವರೆಕಾಯಿ ಕಾಲ, ಸಂತೆ ತುಂಬಾ ಸೊಗಡಿನ ಘಮ. ಎರಡು ಲೀಟರಿನ ಸ್ಟೀಲ್ ಡಬ್ಬಿಯಲ್ಲಿ ಒಂದು ಲೀಟರ್ ಸಾರು. ಬೆಳಗಿನ ನಾಲ್ಕೂವರೆಗೆ ಕುದಿಸಿ ಪೆಟ್ಟಿಗೆಗೆ ಇಟ್ಟದ್ದು, ಎಂಟೂವರೆಗೆ ತೆಗೆದರೆ 52 ಡಿಗ್ರಿ. ಬೆಚ್ಚಗಿದೆ ಅನ್ನಬಹುದು, ಬಿಸಿ ಅನ್ನಲಾಗದು. ತಪ್ಪು ಎರಡು ಕಂಡವು. ಡಬ್ಬಿಯ ಅರ್ಧ ಖಾಲಿ ಇತ್ತು. ಮುಚ್ಚಳದಿಂದ ಹಬೆ ಹೊರಗೆ ಬಂದು ಹುಲ್ಲೆಲ್ಲ ಒದ್ದೆಯಾಗಿತ್ತು. ಒದ್ದೆ ಹುಲ್ಲು ಬಿಸಿಯನ್ನು ತಡೆಯುವುದಿಲ್ಲ, ಹೀರಿಕೊಳ್ಳುತ್ತದೆ.

60 ಡಿಗ್ರಿಗಿಂತ ಕೆಳಗೆ ಬಂದ ಸಾರನ್ನು ಗಂಟೆಗಟ್ಟಲೆ ಇಟ್ಟುಕೊಳ್ಳಬಾರದು, ರೋಗಾಣು ಬೆಳೆಯಲು ಅದು ಹಿತವಾದ ಶಾಖ. ಉಳಿದದ್ದನ್ನು ಮನೆಗೆ ತರಲಿಲ್ಲ.

ಗಂಟು: ಎರಡು ನಿಮಿಷ ಹತ್ತು ಸೆಕೆಂಡು.

ಡಿಸೆಂಬರ್ 21

12 ಡಿಗ್ರಿ. ಈ ಸಲದ ಅತಿ ಚಳಿಯ ಬೆಳಗ್ಗೆ.

ಹುಲ್ಲಿನ ಬದಲು ಹಳೇ ಕಂಬಳಿ. ಅಜ್ಜನ ಕಾಲದ ಕರಿ ಕುರಿ ಉಣ್ಣೆಯದು, ಅಂಚು ಹರಿದಿತ್ತು. ಕತ್ತರಿಸಲು ಮನಸ್ಸು ಬರಲಿಲ್ಲ, ಮಡಿಸಿಯೇ ಸುತ್ತಿದೆ. ಉಣ್ಣೆ ಸ್ವಲ್ಪ ಒದ್ದೆಯಾದರೂ ಬಿಸಿ ಬಿಡುವುದಿಲ್ಲ. ಕುರಿ ಕಾಯುವವರು ತುಂತುರಿನಲ್ಲೂ ಅದನ್ನೇ ಹೊದ್ದು ನಿಲ್ಲುವುದು ಅದಕ್ಕೇ. ಡಬ್ಬಿಯನ್ನೂ ಒಂದು ಲೀಟರಿನದಕ್ಕೆ ಬದಲಿಸಿದೆ, ಅಂಚಿನವರೆಗೆ ತುಂಬಿದೆ.

ಸಾರು ಈ ಸಲ ಹುರುಳಿ ಕಟ್ಟು. ನಮ್ಮ ಬೀದಿಯಲ್ಲೇ ಇದಕ್ಕೆ ಮೂರು ಹೆಸರು. ತೆಲುಗಿನವರಿಗೆ ಉಲವಚಾರು, ತಮಿಳಿನವರಿಗೆ ಕೊಳ್ಳು ರಸಂ. ಹಿಂದಿನ ರಾತ್ರಿ ನೆನೆಸಿದ ಕಾಲು ಕಿಲೋ ಹುರುಳಿಯನ್ನು ಚೆನ್ನಾಗಿ ಬೇಯಿಸಿ, ಕಟ್ಟು ಬಸಿದು, ಒಂದು ಹಿಡಿ ಬೆಂದ ಕಾಳನ್ನು ಮೆಣಸು, ಜೀರಿಗೆ, ಬೆಳ್ಳುಳ್ಳಿ, ಸುಟ್ಟ ಈರುಳ್ಳಿ ಜೊತೆ ರುಬ್ಬಿ ಅದಕ್ಕೇ ಸೇರಿಸಿದೆ. ಹುಣಸೆ ಸ್ವಲ್ಪ. ಒಗ್ಗರಣೆಗೆ ಕಡಲೆಕಾಯಿ ಎಣ್ಣೆ ಧಾರಾಳವಾಗಿ ಹಾಕಿದೆ. ಮೇಲೆ ಎಣ್ಣೆಯ ಪದರ ನಿಂತರೆ ಹಬೆ ಏಳುವುದು ಕಮ್ಮಿ, ಹಬೆಯ ಜೊತೆ ಹೋಗುವ ಬಿಸಿಯೂ ಕಮ್ಮಿ. ರುಬ್ಬಿದ ಕಾಳಿನಿಂದ ಸಾರು ಮಂದವಾಗುತ್ತದೆ. ತಿಳಿಸಾರಿನಲ್ಲಿ ಬಿಸಿ ನೀರು ಮೇಲೇರಿ ತಣ್ಣೀರು ಕೆಳಗಿಳಿದು ಸುತ್ತುತ್ತಲೇ ಇರುತ್ತದೆ. ಮಂದ ಸಾರಿನಲ್ಲಿ ಆ ಸುತ್ತಾಟ ನಿಧಾನ, ತಣಿಯುವುದೂ ನಿಧಾನ.

ಡಬ್ಬಿಯ ಮೇಲೆ ಎರಡು ರಾಗಿ ಮುದ್ದೆ, ಒದ್ದೆ ಮಾಡಿ ಹಿಂಡಿದ ಪಂಚೆ ಬಟ್ಟೆಯಲ್ಲಿ ಸುತ್ತಿ. ಏಳೂಕಾಲಿಗೆ ಬಿಚ್ಚಿದೆವು. ಮುದ್ದೆ ಮುರಿದ ಕಡೆಯಿಂದ ಹಬೆ ಎದ್ದಿತು. ನಡುವಿಗೆ ಕಡ್ಡಿ ಚುಚ್ಚಿದರೆ 66 ಡಿಗ್ರಿ, ಸಾರು 71. ಚಿಕ್ಕಪ್ಪ ಬೆರಳನ್ನು ಕೊಡವಿಕೊಂಡು, "ಏ, ಸುಡ್ತದಲ್ಲೋ!" ಅಂದರು. ಈ ಚಳಿಗಾಲದಲ್ಲಿ ನನಗೆ ಅತಿ ಸಂತೋಷ ಕೊಟ್ಟ ಮಾತು ಅದು.

ಆದರೆ ಗಂಟು: ಒಂದು ನಿಮಿಷ 55 ಸೆಕೆಂಡು. ಇಷ್ಟು ಬಿಸಿ ತಿಂದರೂ! ಇದೇ ತಲೆ ಕೆಡಿಸಿತು.

ಡಿಸೆಂಬರ್ 28

ವಾರವೆಲ್ಲ ಯೋಚನೆ ಮಾಡಿದ್ದರ ಫಲ ಇದು. ಮೈಗೆ ಚಳಿ ಹಿಡಿದಾಗ ಅದು ಮೊದಲು ಹೃದಯ, ಹೊಟ್ಟೆ, ಮಿದುಳನ್ನು ಕಾಪಾಡಿಕೊಳ್ಳುತ್ತದೆ. ಕೈಬೆರಳು, ಕಾಲ್ಬೆರಳಿಗೆ ಹೋಗುವ ರಕ್ತನಾಳ ಬಿಗಿದುಕೊಳ್ಳುತ್ತವೆ. ಏಳೂಕಾಲಿಗೆ ನಾವು ತಿನ್ನಲು ಕೂರುವಷ್ಟರಲ್ಲಿ ನಮ್ಮ ಬೆರಳಿನ ಬಾಗಿಲು ಮುಚ್ಚಿ ಒಂದು ಗಂಟೆ ಆಗಿರುತ್ತಿತ್ತು. ಒಂದು ಸಲ ಮುಚ್ಚಿದ್ದು ಹದಿನೈದು ನಿಮಿಷದಲ್ಲಿ ತೆರೆಯುವುದಿಲ್ಲ. ಹಾಗಾದರೆ ಚಳಿ ಹಿಡಿಯುವ ಮುಂಚೆಯೇ ತಿನ್ನಬೇಕು.

ಇವತ್ತು ಆರೂಕಾಲಿಗೇ ಮುದ್ದೆ, ಸಾರು. ಹಸಿವು ಅಷ್ಟಾಗಿ ಇರಲಿಲ್ಲ, ಆದರೂ ತಿಂದೆವು. ಏಳಕ್ಕೆ ಶುಂಠಿ ಕಷಾಯ ಅರ್ಧ ಲೋಟ. ಆಮೇಲೆ ಅರ್ಧ ಗಂಟೆಗೊಮ್ಮೆ ಎರಡು ಗುಟುಕು. ಒಂದೇ ಸಲ ಕುಡಿಯುವುದಕ್ಕಿಂತ ಇದು ವಾಸಿ. ಲೋಟ ಸ್ಟೀಲಿನದು, ಎರಡೂ ಅಂಗೈಯಲ್ಲಿ ಹಿಡಿದು ಕುಡಿಯುವುದು.

ಕಷಾಯದ ಅಳತೆ: ಒಂದು ಲೀಟರ್ ನೀರಿಗೆ ಹೆಬ್ಬೆರಳಿನಷ್ಟು ಹಸಿ ಶುಂಠಿ ಜಜ್ಜಿದ್ದು, ಹತ್ತು ಕಾಳು ಮೆಣಸು, ಒಂದು ಚಮಚ ಧನಿಯ, ಅರ್ಧ ಚಮಚ ಜೀರಿಗೆ, ನಿಂಬೆಹಣ್ಣಿನಷ್ಟು ದೊಡ್ಡ ಬೆಲ್ಲದ ಉಂಡೆ. ಶುಂಠಿ, ಮೆಣಸು ಗಂಟಲಿಗೆ ಬಿಸಿ ಅನಿಸುವಂತೆ ಮಾಡುತ್ತವೆ. ಮೈಗೆ ನಿಜವಾದ ಸೌದೆ ಬೆಲ್ಲ.

ಗಂಟು: ಒಂದು ನಿಮಿಷ 5 ಸೆಕೆಂಡು. ಎರಡು ಸಲ ಕಟ್ಟಿ ನೋಡಿದೆ, ಎರಡನೇ ಸಲವೂ ಅಷ್ಟೇ. ಸಾರು ಎಷ್ಟು ಬಿಸಿ ಅನ್ನುವುದಕ್ಕಿಂತ ಅದನ್ನು ಯಾವಾಗ ಉಂಡೆವು ಅನ್ನುವುದೇ ಬೆರಳಿಗೆ ಹೆಚ್ಚು ತಾಕಿತು.

ಜನವರಿ 4

ಏರಿ ಕೆಳಗೆ ಮೂರು ಕಲ್ಲಿಟ್ಟು ಒಲೆ ಹೂಡಿದೆ. ಗುತ್ತಿಗೆಯವರ ಕಾವಲು ಅಣ್ಣ ಬಂದು, ಹುಲ್ಲೆಲ್ಲ ಒಣಗಿದೆ, ಬೇಡ ತಮ್ಮಾ ಅಂದರು. ಅವರ ಮಾತು ಸರಿ. ಆರಿಸಿ, ನೀರು ಚಿಮುಕಿಸಿದೆ. ಒಲೆಯ ಯೋಚನೆ ಅಲ್ಲಿಗೆ ಬಿಟ್ಟೆ.

ಕೈ ಒದ್ದೆ ಇರುವಾಗ ಗಾಳಿ ಸೋಕಿದರೆ ಏನು ಬಿಸಿ ತಿಂದರೂ ಸಾಲದು ಅನ್ನುವುದು ಇವತ್ತಿನ ಪಾಠ. ಮೇವು ಕಲಸಿದ ಕೈಯನ್ನು ತೊಳೆದು ಹಾಗೇ ಬಿಟ್ಟಿದ್ದೆ, ಐದೇ ನಿಮಿಷದಲ್ಲಿ ಬೆರಳು ಸೆಟೆದವು. ಇನ್ನು ಸೊಂಟಕ್ಕೆ ಒಂದು ಒಣ ಟವೆಲ್ ಕಾಯಂ.

ಮೇವಿನ ಮಾತು ಬಂದದ್ದಕ್ಕೆ: ಕಡಲೆಕಾಯಿ ಹಿಂಡಿ ಪುಡಿಗೆ ಬುತ್ತಿಯ ಮುದ್ದೆಯಿಂದ ಒಂದು ತುಂಡು ಕಿತ್ತು ನಾದಿದರೆ ಚೆನ್ನಾಗಿ ಅಂಟುತ್ತದೆ. ಬರೀ ಹಿಟ್ಟಿನ ಉಂಡೆ ತಣ್ಣೀರಲ್ಲಿ ಗಟ್ಟಿಯಾಗಿ ಗಾಳದಿಂದ ಉದುರುತ್ತಿತ್ತು. ಬೆಂದ ರಾಗಿ ಉದುರುವುದಿಲ್ಲ.

ಜನವರಿ 11

ಅಕ್ಕನ ಮಗ ಹಬ್ಬಕ್ಕೆ ಬಂದಿದ್ದಾನೆ, ಒಂಬತ್ತು ವರ್ಷ. ನಾನೂ ಬರ್ತೀನಿ ಮಾಮ ಅಂತ ನಾಲ್ಕಕ್ಕೇ ಎದ್ದು ಕೂತಿದ್ದ. ಮಗು ಬರುತ್ತದೆ ಅಂದಮೇಲೆ ಬುತ್ತಿಯಲ್ಲಿ ತಪ್ಪಾಗಬಾರದು ಅಂತ ನನಗೆ ಸ್ವಲ್ಪ ಭಯವೇ ಇತ್ತು.

ಅವನಿಗಾಗಿ ಹೊಸದೊಂದು ಮಾಡಿದೆ. ಸಂಕ್ರಾಂತಿಗೆ ಅಂತ ತಂದ ಗೆಣಸಿನಲ್ಲಿ ನಾಲ್ಕನ್ನು ಬೇಯಿಸಿ, ನೀರು ಒರೆಸಿ, ಒಂದೊಂದನ್ನೂ ಬಟ್ಟೆ ತುಂಡಿನಲ್ಲಿ ಸುತ್ತಿದೆ. ಸ್ವೆಟರಿನ ಎರಡು ಜೇಬಿಗೆ ಒಂದೊಂದು. ಬೆಂದ ಗೆಣಸಿನ ಸಿಪ್ಪೆ ಹರಿಯದಿದ್ದರೆ ಒಳಗಿನ ಬಿಸಿ ಬೇಗ ಬಿಡುವುದಿಲ್ಲ. ಮನೆ ಬಿಟ್ಟಾಗ ಮುಟ್ಟಿದರೆ ಸುಡುತ್ತಿದ್ದದ್ದು ಆರು ಗಂಟೆಗೂ ಹಿತವಾಗಿ ಬೆಚ್ಚಗಿತ್ತು. ಅವನು ಕೈ ಜೇಬಿನಿಂದ ತೆಗೆಯಲೇ ಇಲ್ಲ. ತಣ್ಣಗಾದ ಜೋಡಿಯನ್ನು ಸಿಪ್ಪೆ ಸುಲಿದು ತಿಂದ, ಪೆಟ್ಟಿಗೆಯಿಂದ ಇನ್ನೊಂದು ಜೋಡಿ ಜೇಬಿಗೆ ಹೋಯಿತು.

ಆರೂಕಾಲಿಗೆ ಮೂವರೂ ಮುದ್ದೆ ಉಂಡೆವು. ಏಳೂವರೆಗೆ ಗಂಟು: 50 ಸೆಕೆಂಡು. ಅವನು ಫೋನ್ ಹಿಡಿದು ಎಣಿಸುತ್ತಿದ್ದ, ಜೋರಾಗಿ.

ಎಂಟು ಐವತ್ತಕ್ಕೆ ಬೆಂಡು ಒಂದು ಸಲ ಅಲುಗಿತು. ನಿಂತಿತು. ಮತ್ತೆ ಓರೆಯಾಗಿ, ನಿಧಾನಕ್ಕೆ ಒಳಗೆ ಹೋಯಿತು. ಚಳಿಗಾಲದ ಗೆಂಡೆ ಹೀಗೇ, ಎಳೆದುಕೊಂಡು ಓಡುವುದಿಲ್ಲ. ಬೆರಳಿಗೆ ತಂಗೂಸಿಯ ಅಲುಗಾಟ ಚೆನ್ನಾಗಿ ತಿಳಿಯಿತು, ನವೆಂಬರಿನಲ್ಲಾಗಿದ್ದರೆ ತಿಳಿಯುತ್ತಿರಲಿಲ್ಲ. ಮೀನು ಒಂದೂಮುಕ್ಕಾಲು ಕಿಲೋ ತೂಗಿತು. ಹುಡುಗ ಮುಟ್ಟಿ ನೋಡಿ, "ಮಾಮ, ಇದು ಎಷ್ಟು ತಣ್ಣಗಿದೆ!" ಅಂತ ಕೈ ಮತ್ತೆ ಜೇಬಿಗೆ ಹಾಕಿಕೊಂಡ.

ಪೆಟ್ಟಿಗೆಯ ಮುಚ್ಚಳದ ಒಂದು ಮೂಲೆ ಬಿರಿದಿದೆ, ಟೇಪ್ ಸುತ್ತಬೇಕು. ಕಂಬಳಿಯನ್ನು ಬಿಸಿಲಿಗೆ ಹಾಕಿದ್ದೇನೆ. ಇನ್ನೂ ಹುರುಳಿಯ ಘಮ ಇದೆ.