ಅವ್ವನ ಗೋಪುರ ಹುಡುಕಿಕೊಂಡು

ಅವ್ವ ತೀರಿಕೊಂಡು ವರ್ಷವಾದ ಮೇಲೆ ಅವಳ ಟ್ರಂಕು ತೆಗೆದೆ. ತಳದಲ್ಲಿ ಒಂದು ಕರಿ ಚಂದ್ರಕಾಳಿ ಸೀರೆ ಇತ್ತು. ಸೆರಗಿನ ಬದಿಗೆ ಕಸೂತಿ ಗೋಪುರ, ಅರ್ಧಕ್ಕೇ ನಿಂತದ್ದು. ಸೂಜಿ ಇನ್ನೂ ಬಟ್ಟೆಗೇ ಚುಚ್ಚಿಕೊಂಡಿತ್ತು. "ಇದು ಯಾವ ಗುಡಿ?" ಅಂತ ಮಗಳು ಕೇಳಿದಳು. ನನಗೆ ಗೊತ್ತಿರಲಿಲ್ಲ. ಅವ್ವ ಇದ್ದಾಗ ಕೇಳಬೇಕೆಂದು ಹೊಳೆದೇ ಇರಲಿಲ್ಲ. ಮುಂದಿನ ವಾರ ಸೀರೆಯನ್ನು ಚೀಲದಲ್ಲಿಟ್ಟುಕೊಂಡು ಇಬ್ಬರೂ ಧಾರವಾಡದಿಂದ ಬಾದಾಮಿಯ ಬಸ್ಸು ಹತ್ತಿದೆವು.

ದಾರಿಯುದ್ದಕ್ಕೂ ಅವ್ವನದೇ ಮಾತು. ಅವಳ ಹತ್ತಿರ ನಮೂನೆಯ ಪುಸ್ತಕ ಇರಲಿಲ್ಲ. ಜಾತ್ರೆಯಲ್ಲಿ ತೇರು ನೋಡಿ ಬಂದರೆ ಹಾಲಿನ ಲೆಕ್ಕದ ವಹಿಯ ಹಿಂದಿನ ಹಾಳೆಯಲ್ಲಿ ಚುಕ್ಕಿ ಇಡುತ್ತಿದ್ದಳು. ರಾತ್ರಿ ಆ ಚುಕ್ಕಿಗಳು ಸೀರೆಯ ಮೇಲೆ ತೇರಾಗುತ್ತಿದ್ದವು. ನವಿಲು, ಆನೆ, ತುಳಸಿಕಟ್ಟೆ, ಪಲ್ಲಕ್ಕಿ ಎಲ್ಲವೂ ಹಾಗೇ ಹುಟ್ಟಿದವು. ಬಟ್ಟೆಯ ಮೇಲೆ ಗೆರೆ ಹಾಕುತ್ತಿರಲಿಲ್ಲ, ಎಳೆ ಎಣಿಸುತ್ತಿದ್ದಳು. ದಾರಕ್ಕೆ ಗಂಟು ಇಲ್ಲ. ಗವಂತಿ ಹೊಲಿಗೆಯಲ್ಲಿ ಒಂದು ಹೊಲಿಗೆ ಹಾಕಿ ಒಂದು ಜಾಗ ಬಿಟ್ಟು ಮುಂದೆ ಹೋಗಬೇಕು, ಅದೇ ದಾರಿಯಲ್ಲಿ ಹಿಂದಿರುಗುತ್ತ ಬಿಟ್ಟ ಜಾಗ ತುಂಬಬೇಕು. ಆಗ ಎರಡೂ ಬದಿ ಒಂದೇ ಥರ ಕಾಣುತ್ತದೆ. ನಾನು ಕಲಿಯುವಾಗ ಏನೇ ತೋರಿಸಿದರೂ ಅವ್ವನದು ಒಂದೇ ಮಾತು: "ಹೊಳ್ಳಿಸಿ ತೋರ್ಸು." ಹಿಂಬದಿ ನೋಡಿದ ಮೇಲೇ ಮುಂಬದಿ.

ಬಾದಾಮಿಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಗುಹೆಗಳ ಮೆಟ್ಟಿಲೇರಿ, ಅಗಸ್ತ್ಯತೀರ್ಥದ ನೀರು ನೋಡಿ, ಮರುದಿನ ಬೆಳಿಗ್ಗೆ ಇಪ್ಪತ್ತೆರಡು ಕಿಲೋಮೀಟರ್ ದೂರದ ಪಟ್ಟದಕಲ್ಲಿಗೆ ಹೋದೆವು.

1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಊರಿನಲ್ಲಿ ಗರ್ಭಗುಡಿಯ ಮೇಲಿನ ಗೋಪುರ ಎರಡು ಥರದ್ದು: ಉತ್ತರದ ಶಿಖರ, ದಕ್ಷಿಣದ ವಿಮಾನ. ಎರಡೂ ಒಂದೇ ಅಂಗಳದಲ್ಲಿವೆ. ಮಗಳು ಮೊದಲು ಗಳಗನಾಥ ಗುಡಿಯ ಮುಂದೆ ನಿಂತಳು. ಅದರ ಶಿಖರ ಬಾಗಿಕೊಂಡು ಮೇಲೇರುತ್ತದೆ. ಸೀರೆ ಬಿಚ್ಚಿ ಹಿಡಿದು ನೋಡಿ, "ಇದಲ್ಲಮ್ಮ. ಅಜ್ಜಿದು ಮೆಟ್ಟಿಲು ಮೆಟ್ಟಿಲು ಇದೆ" ಅಂದಳು. ನಿಜ. ಗವಂತಿ ಅಡ್ಡ ಹೋಗುತ್ತದೆ, ಉದ್ದ ಹೋಗುತ್ತದೆ, ಓರೆ ಹೋಗುತ್ತದೆ, ಬಾಗುವುದಿಲ್ಲ. ಸೂಜಿಯ ಕೈಯಲ್ಲಿ ಯಾವ ಗೋಪುರವೂ ಮೆಟ್ಟಿಲೇ ಆಗಬೇಕು.

ವಿರೂಪಾಕ್ಷ ಗುಡಿಯ ಎದುರು ಬಂದಾಗ ಇಬ್ಬರೂ ಸುಮ್ಮನಾದೆವು. ಹಂತ ಹಂತವಾಗಿ ಕಿರಿದಾಗುತ್ತ ಏರುವ ವಿಮಾನ, ಪ್ರತಿ ಹಂತದಲ್ಲೂ ಪುಟ್ಟ ಪುಟ್ಟ ಗುಡಿಗಳ ಸಾಲು. ಸೀರೆಯ ಮೇಲೂ ಹಾಗೇ, ಪ್ರತಿ ಮೆಟ್ಟಿಲಿಗೊಂದು ಸಣ್ಣ ಮನೆ. ಅವ್ವ ಇಲ್ಲಿಗೆ ಬಂದಿದ್ದಳೋ, ಮೊದಲೇ ಯಾರದೋ ಕೈಯಿಂದ ಕಲಿತಿದ್ದಳೋ, ನನಗೆ ಇದೇ ಸಾಕಾಯಿತು. ಗಂಡ, ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ, ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಸುಮಾರು 740ರ ಹೊತ್ತಿಗೆ ಇದನ್ನು ಕಟ್ಟಿಸಿದಳು. ಪಕ್ಕದ ಮಲ್ಲಿಕಾರ್ಜುನ ಗುಡಿ ಕಟ್ಟಿಸಿದವಳು ಅವಳ ತಂಗಿ, ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿ. ವಿರೂಪಾಕ್ಷ ಗುಡಿಯ ಸೂತ್ರಧಾರಿ, ಅಂದರೆ ಮುಖ್ಯ ಶಿಲ್ಪಿ, ಗುಂಡನ ಹೆಸರೂ ಶಾಸನದಲ್ಲಿ ಉಳಿದಿದೆ. ಅವ್ವ ಎಷ್ಟು ಮದುಮಕ್ಕಳ ಸೀರೆಗೆ ಕಸೂತಿ ಹಾಕಿದಳೋ, ಒಂದರ ಮೇಲೂ ಅವಳ ಹೆಸರಿಲ್ಲ. ಅದನ್ನು ನೆನೆದು ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತೆ. ಮಗಳು ಕೈ ಹಿಡಿದುಕೊಂಡು ಕೂತಳು, ಏನೂ ಕೇಳಲಿಲ್ಲ.

ಸಂಜೆಗೆ ಇಳಕಲ್ ಮುಟ್ಟಿದೆವು. ಅವ್ವ ಹಳೆ ಇಳಕಲ್ ಸೀರೆಗಳ ಸೆರಗಿನಿಂದ ರೇಷ್ಮೆ ಎಳೆ ಬಿಡಿಸಿಟ್ಟುಕೊಳ್ಳುತ್ತಿದ್ದಳು, ಆ ಕೆಂಪು ಎಲ್ಲಿಂದ ಬರುತ್ತದೆಂದು ಮಗಳಿಗೆ ತೋರಿಸಬೇಕಿತ್ತು. ಒಂದು ಮನೆಯ ಮಗ್ಗದ ಮುಂದೆ ವಯಸ್ಸಾದ ತಾಯಿಯೊಬ್ಬರು ಸೀರೆಯ ಮೈಯ ಉದ್ದದ ಎಳೆಗಳನ್ನೂ ಸೆರಗಿನ ಉದ್ದದ ಎಳೆಗಳನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಿದ್ದರು. ನಮ್ಮ ಸೀರೆ ಕೈಗೆ ಕೊಟ್ಟಾಗ ಅವರು ಮಾಡಿದ ಮೊದಲ ಕೆಲಸ ಅದನ್ನು ಹೊಳ್ಳಿಸಿದ್ದು. ನನ್ನ ಎದೆ ಝಲ್ಲೆಂದಿತು.

ಬೆರಳಿನಿಂದ ಹೊಲಿಗೆ ಸವರಿ, "ಯಾರ ಕೈ ಇದು?" ಅಂದರು.

"ನಮ್ಮವ್ವನದ್ರಿ."

"ಭಾಳ ಹಗುರ ಕೈ. ಎಲ್ಲೂ ಜಗ್ಗಿಲ್ಲ ನೋಡ್ರಿ." ಗೋಪುರದ ತುದಿಗೆ ಬಂದು ಬೆರಳು ನಿಂತಿತು. "ಇಲ್ಲಿ ಗವಂತಿ ಹೋಗೇತಿ, ಹೊಳ್ಳಿ ಬಂದಿಲ್ಲ."

ಆಗ ಕಂಡಿತು. ಮೇಲಿನ ಮೂರು ಮೆಟ್ಟಿಲುಗಳು ಬರೀ ತುಂಡು ತುಂಡು ಗೆರೆ. ಒಂದು ಹೊಲಿಗೆ, ಒಂದು ಖಾಲಿ. ಅಷ್ಟು ದಿನ ಟ್ರಂಕಿನಿಂದ ತೆಗೆದು ತೆಗೆದು ನೋಡಿದ್ದೆ, ಗಮನಿಸಿರಲಿಲ್ಲ.

ರಾತ್ರಿ ಲಾಡ್ಜಿನ ಬಲ್ಬಿನ ಕೆಳಗೆ ಮಗಳು ಸೀರೆಯನ್ನು ತೊಡೆಯ ಮೇಲೆ ಹರಡಿಕೊಂಡು ಕೂತಳು. ಚುಚ್ಚಿಟ್ಟಿದ್ದ ಅದೇ ಸೂಜಿ, ಅದೇ ದಾರ. ನಾಲ್ಕು ಎಳೆ ಎಣಿಸಿ ಒಂದು ಖಾಲಿ ತುಂಬಿದಳು, ಬಿಚ್ಚಿದಳು, ಮತ್ತೆ ಹಾಕಿದಳು. ಐದು ಹೊಲಿಗೆಗೆ ಅರ್ಧ ತಾಸು ಹಿಡಿಯಿತು. ತಲೆಯೆತ್ತಿ ನನ್ನ ಕಡೆ ನೋಡಿದಳು.

"ಹೊಳ್ಳಿಸಿ ತೋರ್ಸು" ಅಂದೆ.