ನಮ್ಮನೆ ಬಚ್ಚಲೊಲೆ

ತೀರ್ಥಹಳ್ಳಿ ಕಡೆಯ ಹಳೇ ಮನೆಗಳಲ್ಲಿ ಬಚ್ಚಲು ಇರೋದು ಹಿಂಬದಿಗೆ, ಕೊಟ್ಟಿಗೆಯ ಹತ್ತಿರ. ನಮ್ಮದೂ ಹಾಗೇ ಇತ್ತು. ಹಿತ್ತಲ ಬಾಗಿಲು ದಾಟಿದರೆ ನಾಲ್ಕು ಹೆಜ್ಜೆ. ಒಳಗೆ ಮೂಲೆಯಲ್ಲಿ ಮಣ್ಣಿನ ಒಲೆ. ಅದರಲ್ಲಿ ಕುತ್ತಿಗೆಯವರೆಗೆ ಹೂತು ಕೂರಿಸಿದ ತಾಮ್ರದ ಹಂಡೆ. ಪಕ್ಕದಲ್ಲಿ ತಣ್ಣೀರಿನ ಕಲ್ಲು ಮರಿಗೆ, ಮೀಯೋಕೆ ಒಂದು ಹಾಸುಗಲ್ಲು. ಕಿಟಕಿ ಇರಲಿಲ್ಲ. ಮಾಡಿನಲ್ಲಿ ಒಂದೇ ಒಂದು ಗಾಜಿನ ಹಂಚು. ಮಸಿ ಹಿಡಿದು ಅದೂ ಅರ್ಧ ಕುರುಡಾಗಿತ್ತು.

ನೀರು ಬರುತ್ತಿದ್ದದ್ದು ಗುಡ್ಡದ ಅಬ್ಬಿಯಿಂದ. ಅಡಿಕೆ ಮರ ಸೀಳಿ, ತಿರುಳು ತೆಗೆದು ಮಾಡಿದ ದಂಬೆಯಲ್ಲಿ ಹರಿದು ಬಂದು ಮರಿಗೆಗೆ ಬೀಳುತ್ತಿತ್ತು. ಮುಂದೆ ಕಪ್ಪು ಪೈಪು ಬಂತು. ಮಿಂದ ನೀರು ಗೋಡೆಯ ತೂತಿನಿಂದ ಹೊರಗೆ ಹೋಗಿ ಬಾಳೆಗೆ, ಕೆಸುವಿಗೆ, ಬಸಳೆ ಚಪ್ಪರಕ್ಕೆ ಸೇರುತ್ತಿತ್ತು. ನಮ್ಮ ಅಜ್ಜಿಯ ಬಸಳೆ ಹುಳಿ ಚೆನ್ನಾಗಿರುತ್ತೆ ಅಂತ ಹೊಗಳಿದ ನೆಂಟರಿಗೆಲ್ಲ ನಾವು ಮಕ್ಕಳು ಈ ವಿಷಯವನ್ನು ಊಟ ಮುಗಿಯೋ ಮೊದಲೇ ಹೇಳಿ ಬೈಸಿಕೊಳ್ಳುತ್ತಿದ್ದೆವು.

ಒಲೆಗೆ ಒಳ್ಳೆ ಸೌದೆ ಹಾಕುವ ಹಾಗಿಲ್ಲ. ಅದು ಅಡುಗೆಮನೆಯ ಪಾಲು. ಬಚ್ಚಲಿಗೆ ಅಡಿಕೆ ಸಿಪ್ಪೆ, ಒಣ ಸೋಗೆ, ತೆಂಗಿನ ಮಟ್ಟೆ, ಕೊಯ್ಯೋಕೆ ಬಗ್ಗದ ಗಂಟು ಕೊರಡು. ಬೆಳಗಿನ ಜಾವ ಎದ್ದವರು ಬೂದಿ ಕೆದಕಿ, ಒಂದು ಕೆಂಡ ಹುಡುಕಿ, ಸೋಗೆ ಇಟ್ಟು ಊದಿದರೆ ಆಯ್ತು. ಮಳೆಗಾಲದಲ್ಲಂತೂ ಒಲೆ ಆರುತ್ತಲೇ ಇರಲಿಲ್ಲ. ಆಗುಂಬೆ ನಮಗೇನೂ ದೂರವಲ್ಲ. ಜೂನ್‌ನಲ್ಲಿ ಹಿಡಿದ ಮಳೆ ಬಿಡುವಷ್ಟರಲ್ಲಿ ಸೆಪ್ಟೆಂಬರ್ ಬರುತ್ತಿತ್ತು. ಅಲ್ಲೀವರೆಗೆ ಕಂಬಳಿ, ಯೂನಿಫಾರ್ಮು, ಅಜ್ಜನ ಪಂಚೆ, ಮನೆಯ ಯಾವುದಾದರೂ ಪಾಪುವಿನ ಬಟ್ಟೆ, ಎಲ್ಲ ಹಂಡೆಯ ಮೇಲಿನ ಬಿದಿರು ಗಳಕ್ಕೆ. ನಾವೆಲ್ಲ ಹೊಗೆ ವಾಸನೆ ಹೊತ್ತೇ ಶಾಲೆಗೆ ಹೋಗುತ್ತಿದ್ದೆವು. ಇಡೀ ಕ್ಲಾಸೇ ಹಾಗೆ ನಾರುತ್ತಿದ್ದರಿಂದ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪಿಯುಸಿಗೆ ಶಿವಮೊಗ್ಗಕ್ಕೆ ಬಂದು ಹಾಸ್ಟೆಲ್ ಸೇರಿದ ಮೇಲೇ ನನ್ನ ಮೈಗೆ ಒಂದು ವಾಸನೆ ಇದೆ ಅನ್ನೋದು ತಿಳಿದದ್ದು. ಪಕ್ಕದ ಮಂಚದ ಹುಡುಗಿ ಚಿತ್ರದುರ್ಗದವಳು. ‘ನಿಮ್ಮನೇಲಿ ಬೆಂಕಿ ಬಿದ್ದಿತ್ತೇನೇ?’ ಅಂತ ಕೇಳಿದಳು.

ಹಂಡೆಗೆ ಒಂದು ಕಾನೂನಿತ್ತು. ಎಷ್ಟು ಬಿಸಿನೀರು ತೆಗೀತೀರೋ ಅಷ್ಟು ತಣ್ಣೀರು ಹೊಯ್ದು ಬರಬೇಕು. ಖಾಲಿ ಹಂಡೆಯ ಕೆಳಗೆ ಬೆಂಕಿ ಉರಿದರೆ ತಳ ಸುಟ್ಟುಹೋಗುತ್ತೆ. ನನ್ನ ತಮ್ಮ ಈ ಕಾನೂನನ್ನು ಬೇಕೆಂದೇ ಮರೆಯುತ್ತಿದ್ದ. ಅಜ್ಜಿಗೆ ಹೋಗಿ ನೋಡುವುದೂ ಬೇಕಿರಲಿಲ್ಲ. ಚೊಂಬು ಹಂಡೆಯ ಗೋಡೆಗೆ ತಾಗಿದ ಸದ್ದಿನಲ್ಲೇ ನೀರು ಎಷ್ಟಿದೆ ಅಂತ ಹೇಳುತ್ತಿದ್ದಳು. ಜಗಲಿಯಿಂದಲೇ ಕೂಗು: ‘ಹಂಡೆ ಬರಿದು ಮಾಡಿದ್ದು ಯಾರೋ?’ ಅವನು ಒಳಗಿಂದ ‘ಅಕ್ಕ’ ಅನ್ನುತ್ತಿದ್ದ.

ಸಂಜೆ ಹೊತ್ತು ಅಜ್ಜ ಅದೇ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಕೆಂಡದ ಅಂಚಿಗೆ ಹಲಸಿನ ಬೀಜ ತಳ್ಳಿ, ಅದು ಟಪ್ ಅಂದಾಗ ಕಡ್ಡಿಯಿಂದ ಎಳೆದು ನಮ್ಮ ಕಡೆಗೆ ಎಸೆಯೋದು. ಕೈಯಿಂದ ಕೈಗೆ ಹಾರಿಸುತ್ತಾ ಸಿಪ್ಪೆ ಬಿಡಿಸಬೇಕು. ಮಾತಿಲ್ಲ ಕತೆಯಿಲ್ಲ. ಅಜ್ಜ ಮಕ್ಕಳ ಜೊತೆ ಮಾತಾಡುವವರೇ ಅಲ್ಲ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ನಮ್ಮನೆಯಲ್ಲಿ ಯಾರೂ ಯಾರನ್ನೂ ತಬ್ಬಿಕೊಳ್ಳುವುದಿಲ್ಲ. ಹೊರಟು ನಿಂತವರಿಗೆ ‘ಹೋಗಿ ಬಾ’, ಬಂದವರಿಗೆ ‘ಕೈಕಾಲು ತೊಳಿ’. ನಾನು ಹತ್ತನೇ ಕ್ಲಾಸು ಪಾಸಾದಾಗ ಅಪ್ಪಯ್ಯ ಅಂಕಪಟ್ಟಿಯನ್ನು ಮಡಚಿ ಜೇಬಿಗಿಟ್ಟುಕೊಂಡರು, ಅಷ್ಟೇ. ಆದರೆ ಎಣ್ಣೆಯ ಬಟ್ಟಲು ಕೈಗೆ ಬಂದರೆ ಎಲ್ಲರೂ ಬೇರೆಯೇ ಆಗಿಬಿಡುತ್ತಿದ್ದರು. ಮುಟ್ಟುವುದಕ್ಕೆ ನಮ್ಮವರಿಗೆ ಒಂದು ನೆಪ ಬೇಕಿತ್ತು. ಆ ನೆಪ ಬಚ್ಚಲಲ್ಲಿ ಸಿಗುತ್ತಿತ್ತು.

ಹೆಂಗಸರಿಗೆ ಮಂಗಳವಾರ, ಶುಕ್ರವಾರ. ಗಂಡಸರಿಗೆ ಬುಧವಾರ, ಶನಿವಾರ. ಶುಕ್ರವಾರ ಶಾಲೆಗೆ ತಡವಾಗುತ್ತೆ ಅಂತ ನನ್ನ ಎಣ್ಣೆ ಸ್ನಾನಕ್ಕೆ ಮಾತ್ರ ಅಜ್ಜಿ ಭಾನುವಾರದ ವಿನಾಯಿತಿ ಕೊಟ್ಟಿದ್ದಳು. ಒಂದೆಲಗ, ಗರಿಕೆ, ಮೆಂತ್ಯ ಹಾಕಿ ಕಾಸಿದ ಕೊಬ್ಬರಿ ಎಣ್ಣೆ. ನನ್ನನ್ನು ಮಣೆಯ ಮೇಲೆ ಕೂರಿಸಿ, ಎಡಗೈಯಿಂದ ಗಲ್ಲ ಹಿಡಿದು, ಬಲ ಅಂಗೈಯಲ್ಲಿ ಎಣ್ಣೆ ತುಂಬಿ ನೆತ್ತಿಗೆ ಹೊಯ್ಯುತ್ತಿದ್ದಳು. ಮೊದಲು ಸುಮ್ನೆ ಅಂಗೈ ಇಟ್ಟುಕೊಂಡಿರೋದು. ಆಮೇಲೆ ತಟತಟ ಬಡಿಯೋದು. ಆಮೇಲೆ ಹತ್ತೂ ಬೆರಳು ಬುಡಕ್ಕೆ ಇಳಿಸಿ, ಕಿವಿಯ ಹಿಂದಿನಿಂದ ಕುತ್ತಿಗೆಯ ಗುಳಿಯವರೆಗೆ ತಿಕ್ಕೋದು. ಅಜ್ಜಿಯ ಬಲ ಹೆಬ್ಬೆರಳು ಅಡಿಕೆ ಸುಲಿದು ಸುಲಿದು ಒರಟಾಗಿತ್ತು. ಅದು ಬೈತಲೆಯ ಮೇಲೆ ಹಾದಾಗ ಚುರ್ ಅನ್ನುತ್ತಿತ್ತು. ದಾಸವಾಳದ ಸೊಪ್ಪು ಕಿವುಚಿ ಮಾಡಿದ ಗೊಂಪು, ಅದು ಸಾಲದಿದ್ದರೆ ಸೀಗೆಪುಡಿ. ಸೀಗೆಪುಡಿ ಕಣ್ಣಿಗೆ ಹೋಗದ ಎಣ್ಣೆ ಸ್ನಾನ ನನ್ನ ಬಾಲ್ಯದಲ್ಲಿ ಇರಲೇ ಇಲ್ಲ.

ತಲೆ ಅವಳ ಕೈಯಲ್ಲಿ ಸಿಕ್ಕಿಕೊಂಡಿದ್ದಾಗಲೇ ಅಜ್ಜಿ ಮನೆಯ ಸುದ್ದಿ ಎಲ್ಲ ಹೇಳುತ್ತಿದ್ದಳು. ಯಾವ ಅತ್ತೆಯ ಮದುವೆಗೆ ಯಾವ ತೋಟದ ಫಸಲು ಹೋಯ್ತು, ಯಾರು ಯಾರ ಮನೆಯಲ್ಲಿ ಊಟ ಮಾಡೋದಿಲ್ಲ, ಯಾಕೆ ಮಾಡೋದಿಲ್ಲ. ಮುಖ ಕಾಣುತ್ತಿರಲಿಲ್ಲ, ಬೆನ್ನ ಹಿಂದಿನಿಂದ ಮಾತು ಮಾತ್ರ. ಎದುರು ಕೂತು ಇಂಥ ವಿಷಯ ಅವಳು ಎಂದೂ ಹೇಳಿದವಳಲ್ಲ.

ಅಮ್ಮನಿಗೂ ಅಜ್ಜಿಗೂ ಅಷ್ಟಕ್ಕಷ್ಟೇ. ಅತ್ತೆ ಸೊಸೆ, ಬಿಡಿ. ಸಾರಿಗೆ ಉಪ್ಪು ಜಾಸ್ತಿ ಅನ್ನೋದರಿಂದ ಹಿಡಿದು ಎಲ್ಲದಕ್ಕೂ ಒಂದು ಮಾತು ಇರುತ್ತಿತ್ತು. ಆದರೆ ತಮ್ಮ ಹುಟ್ಟುವ ಹೊತ್ತಿಗೆ ಅಮ್ಮನ ತವರಲ್ಲಿ ಅವಳ ತಾಯಿ ತೀರಿಕೊಂಡಿದ್ದರು. ಬಾಣಂತನ ಇಲ್ಲೇ ಆಯ್ತು. ಆ ತಿಂಗಳುಗಳಲ್ಲಿ ದಿನಾ ಅಮ್ಮನಿಗೆ ಎಣ್ಣೆ ತಿಕ್ಕಿ, ಹಂಡೆಗಟ್ಟಲೆ ಸುಡುನೀರು ಸೊಂಟಕ್ಕೆ ಬೆನ್ನಿಗೆ ಹೊಯ್ದವಳು ಅಜ್ಜಿಯೇ. ಬೇರೆ ಯಾರಿಗೂ ಚೊಂಬು ಮುಟ್ಟೋಕೆ ಬಿಡಲಿಲ್ಲವಂತೆ. ‘ನಿಮ್ಮ ಅಜ್ಜಿ ಬಾಯಲ್ಲಿ ನನಗೆ ಅಂತ ಒಂದು ಒಳ್ಳೆ ಮಾತು ಬರಲಿಲ್ಲ ಕಣೆ. ಆ ಕೈ ಮಾತ್ರ ಹೆತ್ತ ತಾಯೀದು’ ಅಂತ ಅಮ್ಮ ಈಗಲೂ ಹೇಳುತ್ತಾಳೆ. ಇದನ್ನು ಅಜ್ಜಿ ಇದ್ದಾಗ ಹೇಳಬಹುದಿತ್ತಲ್ವಾ ಅಂದರೆ, ‘ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ’ ಅಂತಾಳೆ.

ಇನ್ನು ದೀಪಾವಳಿ. ನಮ್ಮ ಕಡೆ ನರಕ ಚತುರ್ದಶಿಗೆ ಬೂರೆ ಹಬ್ಬ ಅನ್ನೋದೂ ಇದೆ. ಹಿಂದಿನ ಸಂಜೆ ನೀರು ತುಂಬೋದು. ಮಧ್ಯಾಹ್ನದಿಂದಲೇ ನಾನೂ ಚಿಕ್ಕಮ್ಮನೂ ಹುಣಸೆಹಣ್ಣು, ಬೂದಿ ಹಿಡಿದು ಹಂಡೆಯ ಕೊರಳು ತಿಕ್ಕಲು ಕೂರುತ್ತಿದ್ದೆವು. ವರ್ಷವಿಡೀ ಕಪ್ಪಗಿರುವ ತಾಮ್ರ ಆವತ್ತು ಕೆಂಪಗಾಗಲೇಬೇಕು. ಒಲೆಗೆ ಕೆಮ್ಮಣ್ಣು ಬಳಿದು, ಮೇಲೆ ಶೇಡಿಯಲ್ಲಿ, ಅಂದರೆ ಬಿಳಿ ಮಣ್ಣಿನಲ್ಲಿ, ಗೆರೆ ಎಳೆಯೋದು. ಕೊರಳಿಗೆ ಹಿಂಡ್ಲೆಕಾಯಿ ಬಳ್ಳಿ. ಬೇಲಿಯಿಂದ ಬಳ್ಳಿ ತರೋದು ತಮ್ಮನ ಕೆಲಸ. ಅವನು ತರುತ್ತಿದ್ದದ್ದರಲ್ಲಿ ಅರ್ಧ ಬರೀ ಎಲೆ.

ಬೆಳಗಿನ ಜಾವ ಕತ್ತಲಲ್ಲೇ ಎಲ್ಲರನ್ನೂ ಎಬ್ಬಿಸಿ ಸಾಲಾಗಿ ಮಣೆಯ ಮೇಲೆ ಕೂರಿಸೋದು. ಅಜ್ಜ ಗರಿಕೆಯನ್ನು ಎಣ್ಣೆಯಲ್ಲಿ ಅದ್ದಿ ಪಾದಕ್ಕೆ, ಮಂಡಿಗೆ, ಭುಜಕ್ಕೆ ಮುಟ್ಟಿಸಿ ಕೊನೆಗೆ ನೆತ್ತಿಗೆ ಇಡುತ್ತಿದ್ದರು. ಬಾಯಲ್ಲಿ ಚಿರಂಜೀವಿಗಳ ಶ್ಲೋಕ. ‘ಅಶ್ವತ್ಥಾಮಾ ಬಲಿರ್ವ್ಯಾಸೋ ಹನೂಮಾಂಶ್ಚ ವಿಭೀಷಣಃ, ಕೃಪಃ ಪರಶುರಾಮಶ್ಚ...’ ಒಟ್ಟು ಏಳು ಜನ. ಒಂದು ವರ್ಷ ನನಗೆ ಮಹಾಭಾರತ ಹೊಸದಾಗಿ ತಲೆಗೆ ಹತ್ತಿತ್ತು. ‘ಅಜ್ಜ, ಅಶ್ವತ್ಥಾಮ ಸಾಯದೇ ಇರೋದು ಶಾಪದಿಂದ ಅಲ್ವಾ? ಶಾಪ ತಗೊಂಡವನ ಹೆಸರು ಹೇಳಿ ನಮಗೆ ಆಯುಷ್ಯ ಕೊಡೋದು ಹೇಗೆ?’ ಅಂತ ಕೇಳಿದೆ. ಅಜ್ಜ ಕೈ ನಿಲ್ಲಿಸಲಿಲ್ಲ. ‘ಎಣ್ಣೆ ಬಾಯಿಗೆ ಇಳಿಯುತ್ತೆ, ಮುಚ್ಚು’ ಅಂದರು. ಈಗ ನಾನು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡೋದು. ಕ್ಲಾಸಲ್ಲಿ ಯಾರಾದರೂ ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಿದರೆ ಈ ಉಪಾಯ ಬಳಸೋಣ ಅನಿಸುತ್ತೆ.

ಈ ಸ್ನಾನದ ಹಿಂದಿನ ರಾತ್ರಿ ಊರ ಹುಡುಗರು ಬೂರೆಗಳವಿಗೆ ಹೋಗೋದು ವಾಡಿಕೆ. ಯಾರದ್ದೋ ತೋಟದ ಎಳನೀರು, ಬಾಳೆಗೊನೆ, ಸೌತೆಕಾಯಿ ಕದ್ದರೂ ಆವತ್ತು ಕಳ್ಳತನ ಅಲ್ಲ. ತಮ್ಮ ಮೀಸೆ ಬಂದ ವರ್ಷ ಗುಂಪಿನ ಜೊತೆ ಹೋಗಿ, ಕತ್ತಲಲ್ಲಿ ದಿಕ್ಕು ತಪ್ಪಿ, ನಮ್ಮದೇ ತೋಟದ ಎಳನೀರು ಇಳಿಸಿ ಬಂದಿದ್ದ. ಅಜ್ಜನಿಗೆ ಅವನ ನೆತ್ತಿಗೆ ಎಣ್ಣೆ ಇಡುವಾಗಲೇ ಗೊತ್ತಿತ್ತು ಅನಿಸುತ್ತೆ. ಆವತ್ತು ಬಡಿದದ್ದು ಸ್ವಲ್ಪ ಜೋರಾಗಿಯೇ ಇತ್ತು.

ಅಜ್ಜ ಅಜ್ಜಿ ಹೋದ ಮೇಲೆ ಹಿಸ್ಸೆ ಆಯ್ತು. ತೋಟ ಪಾಲು ಮಾಡೋಕೆ ಅಷ್ಟೇನೂ ಹೊತ್ತು ಹಿಡಿಯಲಿಲ್ಲ. ಪಾತ್ರೆಗಳಿಗೆ ಎರಡು ಸಂಜೆ ಬೇಕಾಯ್ತು. ಹಳೇ ಮನೆ ಚಿಕ್ಕಪ್ಪನಿಗೆ, ಅದರ ಜೊತೆ ಹಂಡೆಯೂ. ಒಲೆಯಲ್ಲಿ ಹೂತದ್ದನ್ನು ಕೀಳೋದು ಬೇಡ ಅಂತ ಅಪ್ಪಯ್ಯನೇ ಅಂದರು. ರಸ್ತೆ ಪಕ್ಕ ಅವರು ಕಟ್ಟಿದ ಹೊಸ ಮನೆಯಲ್ಲಿ ಟೈಲ್ಸ್ ಹಾಕಿದ ಬಾತ್‌ರೂಮು, ಮಾಡಿನ ಮೇಲೆ ಸೋಲಾರು. ಮಲೆನಾಡಿನಲ್ಲಿ ಸೋಲಾರು ಯಾವಾಗ ಕೈ ಕೊಡುತ್ತೆ ಅಂದರೆ ಬಿಸಿನೀರು ನಿಜವಾಗಿ ಬೇಕಾದಾಗಲೇ. ಮಳೆಗಾಲದಲ್ಲಿ ಸೂರ್ಯನೇ ಇಲ್ಲ. ಗೀಸರ್ ಹಾಕೋಣ ಅಂದರೆ ಲೈನಿನ ಮೇಲೆ ಮರ ಬಿದ್ದು ಕರೆಂಟೂ ಇಲ್ಲ. ಕೊನೆಗೆ ಹಿಂದೆ ಒಂದು ಕಟ್ಟಿಗೆ ಬಾಯ್ಲರ್ ಇಡಿಸಿದರು. ಅದಕ್ಕೆ ಮತ್ತೆ ಅದೇ ಅಡಿಕೆ ಸಿಪ್ಪೆ.

ಈ ವರ್ಷ ನನ್ನ ಮಗಳಿಗೆ ಹೆಣ್ಣು ಮಗು ಆಯ್ತು. ಬಾಣಂತನ ಶಿವಮೊಗ್ಗದ ನಮ್ಮ ಮನೆಯಲ್ಲಿ. ಅಮ್ಮ ಊರಿಂದ ಬಂದಳು. ಎಣ್ಣೆ ಬಾಟಲಿ, ಬಜೆ, ಲೋಬಾನ, ಹಳೇ ಪಂಚೆಯ ಮೆತ್ತನೆ ಬಟ್ಟೆ, ಎಲ್ಲ ಒಂದು ಚೀಲದಲ್ಲಿ. ಮಕ್ಕಳ ಡಾಕ್ಟರು ಮಾತ್ರ ಮೊದಲೇ ಹೇಳಿ ಕಳಿಸಿದ್ದರು. ಕಿವಿಗೆ ಮೂಗಿಗೆ ಎಣ್ಣೆ ಬಿಡಬೇಡಿ, ಹೊಗೆ ಹಾಕಬೇಡಿ, ಕಣ್ಣಿಗೆ ಕಾಡಿಗೆ ಬೇಡ. ‘ಹಾಗಾದ್ರೆ ನೀವೆಲ್ಲ ಬದುಕಿದ್ದು ಹೇಗೆ?’ ಅಂದಳು ಅಮ್ಮ. ನಾನು ಡಾಕ್ಟರ ಪಕ್ಷ. ಕಿವಿ ಸೋರುತ್ತಿದ್ದ ಮಕ್ಕಳು ನಮ್ಮ ಊರಲ್ಲಿ ಎಷ್ಟಿದ್ದರು ಅಂತ ನನಗೂ ನೆನಪಿದೆ, ಅಮ್ಮನಿಗೂ ನೆನಪಿದೆ. ಒಂದು ದಿನ ಮುಖ ಊದಿಸಿಕೊಂಡಳು. ಮರುದಿನ ಲೋಬಾನವನ್ನು ಚೀಲದಿಂದ ತೆಗೆದು ದೇವರ ಮುಂದೆ ಹಚ್ಚಿದಳು. ಕಾಡಿಗೆಯ ಬೊಟ್ಟು ಪಾಪುವಿನ ಅಂಗಾಲಿಗೆ ಇಳಿಯಿತು. ‘ದೃಷ್ಟಿಗೆ ಅಂಗಾಲೂ ಆಗುತ್ತೆ.’

ನೀರು ಹಾಕುವುದನ್ನು ಮಾತ್ರ ಬಿಟ್ಟುಕೊಡಲಿಲ್ಲ. ನೆಲಕ್ಕೆ ಕೂತು, ಸೀರೆ ಮಂಡಿಯ ಮೇಲಕ್ಕೆ ಸರಿಸಿ, ಕಾಲು ನೀಡಿ, ಎರಡು ಕಾಲಿನ ನಡುವೆ ಪಾಪುವನ್ನು ಮಲಗಿಸಿಕೊಂಡಳು. ಅಳಿಯ ಸಾಫ್ಟ್‌ವೇರ್ ಇಂಜಿನಿಯರು. ನೀರಿನಲ್ಲಿ ತೇಲುವ ಬಾತುಕೋಳಿ ಆಕಾರದ ಥರ್ಮಾಮೀಟರು ತರಿಸಿದ್ದ. ಅಮ್ಮ ಮೊಣಕೈ ಅದ್ದಿ, ತಣ್ಣೀರು ಒಂದಿಷ್ಟು ಸೇರಿಸಿ, ಮತ್ತೆ ಅದ್ದಿ ‘ಹೂಂ’ ಅಂದಳು. ಬಾತುಕೋಳಿ 38 ಡಿಗ್ರಿ ತೋರಿಸಿತು. ‘ಕರೆಕ್ಟಾಗಿದೆ ಅಜ್ಜಿ!’ ಅಂದ ಅವನು. ಅಮ್ಮ ತಿರುಗಿಯೂ ನೋಡಲಿಲ್ಲ. ಎಣ್ಣೆಗೈಯಲ್ಲಿ ಎದೆಯಿಂದ ತೋಳಿಗೆ, ತೊಡೆಯಿಂದ ಪಾದಕ್ಕೆ ನೀವಿ, ಬಲಗೈ ಎಡಗಾಲು ಕೂಡಿಸಿ, ಎಡಗೈ ಬಲಗಾಲು ಕೂಡಿಸಿ, ಬೋರಲು ಹಾಕಿ ಬೆನ್ನು ನೀವಿದಳು. ಪಾಪು ಬೊಬ್ಬೆ ಹೊಡೆದದ್ದು ಮುಖಕ್ಕೆ ನೀರು ಬಿದ್ದಾಗ ಮಾತ್ರ. ಕೊನೆಯ ಚೊಂಬು ನಿವಾಳಿಸಿ, ‘ಆ ಕಣ್ಣು ಈ ಕಣ್ಣು, ನಾಯಿ ಕಣ್ಣು ನರಿ ಕಣ್ಣು’ ಅಂತ ಮೋರಿಗೆ ಚೆಲ್ಲಿದಳು.

ಬೆಂಗಳೂರಿಗೆ ವಾಪಸ್ ಹೋದ ಮೇಲೆ ಯಾರು ನೀರು ಹಾಕೋದು ಅನ್ನೋ ಮಾತು ಬಂತು. ಮಗಳಿಗೆ ಸೊಂಟ ನೋವು ಇನ್ನೂ ಇತ್ತು. ಅಳಿಯ ‘ನಾನು ಕಲೀತೀನಿ’ ಅಂದ. ಅಮ್ಮ ನನ್ನ ಮುಖ ನೋಡಿದಳು. ನಮ್ಮ ಅಪ್ಪಯ್ಯ ಕೂಸನ್ನು ಮೀಸೋದಿರಲಿ, ಕುತ್ತಿಗೆ ನಿಲ್ಲುವವರೆಗೆ ಎತ್ತಿಕೊಂಡವರೂ ಅಲ್ಲ. ಆದರೂ ಕಲಿಸಿದಳು. ಬರ್ಮುಡಾ ಹಾಕಿಕೊಂಡು ಅವನು ಕಾಲು ನೀಡಿ ಕೂತ. ಮೊದಲ ದಿನ ಪಾಪುವಿಗಿಂತ ಅವನೇ ಜಾಸ್ತಿ ಒದ್ದೆಯಾದ. ಈಗ ಬೆಳಗ್ಗೆ ಎಂಟಕ್ಕೆ ವಿಡಿಯೋ ಕಾಲ್. ಊರಿಂದ ಅಮ್ಮ ಫೋನಿಗೆ ಮೂಗು ತಾಗಿಸಿಕೊಂಡು ಕೂಗೋದು: ‘ಕುತ್ತಿಗೆ ಕೆಳಗೆ ಕೈ ಕೊಡಿ, ಕುತ್ತಿಗೆ ಕೆಳಗೆ! ಹೆದರಬೇಡಿ, ಅದೇನು ಗಾಜಲ್ಲ.’ ನೆಟ್‌ವರ್ಕ್ ಹೋದ ದಿನ ಅಮ್ಮನಿಗೆ ತಿಂಡಿ ಸೇರೋದಿಲ್ಲ.

ಪಾಪುವಿನ ಮೊದಲ ದೀಪಾವಳಿ ಹತ್ತಿರ ಬಂತು. ಹಂಡೆಯ ನೀರಲ್ಲೇ ಮೀಸಬೇಕು ಅಂತ ಅಮ್ಮನ ಹಟ. ಒಂದು ವಾರದ ಮಟ್ಟಿಗೆ ಹಂಡೆ ಕಿತ್ತು ಕೊಡಿ ಅಂತ ತಮ್ಮ ಕೇಳಿದ್ದಕ್ಕೆ ಚಿಕ್ಕಮ್ಮ ಸುತಾರಾಂ ಒಪ್ಪಲಿಲ್ಲ. ‘ಹಂಡೆ ಬರೋದಿಲ್ಲ, ನೀವೇ ಬನ್ನಿ’ ಅಂದಿದ್ದಾಳೆ. ಸರಿ, ಹೋಗ್ತಿದ್ದೇವೆ. ಅಮ್ಮ ಎಣ್ಣೆ ಕಾಸಿಯಾಯ್ತು. ತಮ್ಮನ ಮಗ ಬೂರೆಗಳವಿನ ಗುಂಪು ಕಟ್ಟುತ್ತಿದ್ದಾನೆ. ಈಗಿರುವ ತೊಂದರೆ ಒಂದೇ. ಎರಡೂ ಮನೆಯವರು ಸೇರಿದರೆ ಇಪ್ಪತ್ತು ಜನ ದಾಟುತ್ತೇವೆ, ಹಂಡೆ ಒಂದೇ. ತಣ್ಣೀರು ಹೊಯ್ಯದೇ ಎದ್ದು ಬರುವವರ ಮೇಲೆ ಕಣ್ಣಿಡೋಕೆ ಚಿಕ್ಕಮ್ಮ ನನ್ನನ್ನು ನೇಮಿಸಿದ್ದಾಳೆ.