ಹೊಸ ನಾಯಿಯ ಜೊತೆ ಚಳಿಗಾಲದ ಸಕಲೇಶಪುರಕ್ಕೆ

ದತ್ತು ತಂದ ನಾಯಿ ಮನೆ ಸೇರಿ ಇನ್ನೂ ಮೂರು ವಾರ ಆಗಿಲ್ಲ ಎಂದರೆ ಅದನ್ನು ಪ್ರವಾಸಕ್ಕೆ ಕರೆದೊಯ್ಯಬೇಡಿ. ಊಟದ ಹೊತ್ತು, ಮಲಗುವ ಮೂಲೆ, ಮನೆಯವರ ದನಿ, ಇಷ್ಟು ಗುರುತಾಗುವುದಕ್ಕೇ ಬಹುಪಾಲು ನಾಯಿಗಳಿಗೆ ಅಷ್ಟು ದಿನ ಬೇಕು. ಪೂರಾ ನಂಬಿಕೆ ಹುಟ್ಟಲು ಮೂರು ತಿಂಗಳೂ ಹಿಡಿಯಬಹುದು. ಮರಿಯಾದರೆ ಲೆಕ್ಕ ಬೇರೆ. ಪಾರ್ವೊ, ಡಿಸ್ಟೆಂಪರ್ ಎಂಬ ಅಂಟುರೋಗಗಳ ಲಸಿಕೆಯ ಕೊನೆಯ ಡೋಸ್ ಸಾಮಾನ್ಯವಾಗಿ ಮರಿಗೆ 16 ವಾರ ವಯಸ್ಸಾಗುವ ಹೊತ್ತಿಗೆ ಬೀಳುತ್ತದೆ. ಅದಾಗಿ ಎರಡು ವಾರ ಕಳೆಯುವ ತನಕ ಊರ ನಾಯಿಗಳು ಓಡಾಡುವ ನೆಲಕ್ಕೆ ಅದನ್ನು ಬಿಡಬಾರದು. ರೇಬೀಸ್ ಲಸಿಕೆ ಆಗಿರಲೇಬೇಕು. ಮಲೆನಾಡಿನ ಕಡೆ ಹೋಗುವುದಾದರೆ ಇಲಿ ಜ್ವರದ, ಅಂದರೆ ಲೆಪ್ಟೊಸ್ಪೈರೋಸಿಸ್‌ನ, ಲಸಿಕೆಯೂ ಆಗಿದೆಯೇ ಎಂದು ಕಾರ್ಡ್ ತೆಗೆದು ನೋಡಿಕೊಳ್ಳಿ. ತೋಟದ ಕೆರೆ, ಹಳ್ಳ, ನಿಂತ ನೀರಿನಲ್ಲಿ ಇಲಿಯ ಮೂತ್ರ ಸೇರಿರುತ್ತದೆ, ರೋಗ ಹರಡುವುದು ಅಲ್ಲಿಂದಲೇ.

ಚಳಿಗಾಲದ ಪ್ರವಾಸ ಎಂದ ಕೂಡಲೇ ಎಲ್ಲರೂ ಸ್ವೆಟರ್ ಹುಡುಕುತ್ತಾರೆ. ಹೊಸ ನಾಯಿಯ ವಿಷಯದಲ್ಲಿ ಚಳಿಗಿಂತ ದೊಡ್ಡ ಅಪಾಯ ತಪ್ಪಿಸಿಕೊಂಡು ಓಡುವುದು. ಅದಕ್ಕೆ ತನ್ನ ಹೊಸ ಹೆಸರು ಇನ್ನೂ ಸರಿಯಾಗಿ ಕಿವಿಗೆ ಬಿದ್ದಿರುವುದಿಲ್ಲ, ವಾಪಸ್ ಬರಲು ಗುರುತಿನ ವಾಸನೆಯ ಜಾಡೂ ಇರುವುದಿಲ್ಲ. ಕಾಫಿ ತೋಟದೊಳಗೆ ಹತ್ತು ಹೆಜ್ಜೆ ಹೋದ ನಾಯಿ ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ದಿನಾಂಕ, ಊರು, ರೂಮು, ಹಗ್ಗ, ಎಲ್ಲವನ್ನೂ ಈ ಒಂದು ಅಪಾಯವನ್ನು ಮುಂದಿಟ್ಟುಕೊಂಡೇ ಆರಿಸಬೇಕು.

ದಿನಾಂಕದಿಂದ ಶುರುಮಾಡೋಣ. ಕ್ರಿಸ್ಮಸ್ ವಾರ ಮತ್ತು ಡಿಸೆಂಬರ್ 31 ಬೇಡ. ಹೊಸ ವರ್ಷದ ರಾತ್ರಿ ರೆಸಾರ್ಟುಗಳಲ್ಲಿ ಡಿಜೆ, ಪಟಾಕಿ ಎರಡೂ ಇರುತ್ತವೆ, ಮಲೆನಾಡಿನ ಕಣಿವೆಯಲ್ಲಿ ಆ ಸದ್ದು ಎಲ್ಲೆಲ್ಲಿಂದಲೋ ಮಾರ್ದನಿಸುತ್ತದೆ. ಪಟಾಕಿಗೆ ಬೆದರಿದ ನಾಯಿ ಗಾಜಿನ ಕಿಟಕಿಗೂ ಎಗರುತ್ತದೆ. ಜನವರಿಯಲ್ಲಿ ಸಂಕ್ರಾಂತಿ ಕಳೆದ ಮೇಲಿನ ಒಂದು ಸಾಧಾರಣ ಶನಿವಾರ-ಭಾನುವಾರ ಎಲ್ಲ ರೀತಿಯಲ್ಲೂ ಒಳ್ಳೆಯದು.

ಬೆಂಗಳೂರಿನವರಿಗೆ ಮೊದಲ ಸಲಕ್ಕೆ ಸಕಲೇಶಪುರ ಸೂಕ್ತ ಎನ್ನಲು ಎರಡು ಕಾರಣ. ಸುಮಾರು 220 ಕಿಲೋಮೀಟರ್ ದೂರ. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನದ ಮೇಲೆ ಹೆದ್ದಾರಿ ಬಹುತೇಕ ನೇರ. ಶಿರಾಡಿ ಘಾಟಿಯ ತಿರುವುಗಳು ಬರುವುದು ಸಕಲೇಶಪುರ ದಾಟಿದ ಮೇಲೆ. ಕಾರಿನಲ್ಲಿ ವಾಂತಿ ಮಾಡುತ್ತದೋ ಇಲ್ಲವೋ ಎಂದು ಇನ್ನೂ ತಿಳಿಯದ ನಾಯಿಗೆ ಇದು ದೊಡ್ಡ ಅನುಕೂಲ. ಮಡಿಕೇರಿಯಾದರೆ ಕುಶಾಲನಗರ ದಾಟಿದ ಮೇಲೆ ತಿರುವುಗಳನ್ನು ಹತ್ತಲೇಬೇಕು. ಎರಡನೆಯದು, ಸಕಲೇಶಪುರದಿಂದ 40 ಕಿಲೋಮೀಟರ್ ದೂರದ ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಏನಾದರೂ ಆದರೆ ಎಲ್ಲಿಗೆ ಓಡಬೇಕು ಎನ್ನುವುದು ಹೊರಡುವ ಮೊದಲೇ ಗೊತ್ತಿರಬೇಕು. ಭಾನುವಾರ ಯಾರು ಸಿಗುತ್ತಾರೆ ಎಂದು ಶುಕ್ರವಾರವೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ.

ಹೋಂಸ್ಟೇಯವರು ‘ಪೆಟ್ ಫ್ರೆಂಡ್ಲಿ’ ಎಂದರೆ ಸಾಲದು, ಬಿಡಿಸಿ ಕೇಳಿ. ನಾಯಿ ರೂಮಿನೊಳಗೆ ನಮ್ಮ ಜೊತೆ ಮಲಗಬಹುದೋ, ಹೊರಗೆ ಗೂಡಿನಲ್ಲಿ ಕಟ್ಟಬೇಕೋ? ಹೊರಗೆ ಎಂದರೆ ಆ ಜಾಗ ಬೇಡ. ಮಲೆನಾಡಿನಲ್ಲಿ ಚಿರತೆ ಮನೆಯಂಗಳದಿಂದಲೇ ನಾಯಿ ಹೊತ್ತೊಯ್ಯುತ್ತದೆ. ಅವರ ಮನೆಯಲ್ಲಿ ಎಷ್ಟು ನಾಯಿಗಳಿವೆ, ರಾತ್ರಿ ಬಿಡುತ್ತಾರೋ? ಸುತ್ತ ಬೇಲಿ ಇದೆಯೇ, ಅದು ಕರೆಂಟ್ ಬೇಲಿಯೇ? ಆನೆ ಓಡಾಟ ಈ ವಾರ ಇದೆಯೇ? ಸಕಲೇಶಪುರ, ಆಲೂರು ಭಾಗದಲ್ಲಿ ಈ ಕೊನೆಯ ಪ್ರಶ್ನೆ ಸುಮ್ಮನೆ ಕೇಳುವುದಲ್ಲ. ಆನೆಗೆ ಬೊಗಳಿ, ಅದು ತಿರುಗಿ ಬಿದ್ದ ಕೂಡಲೇ ನಾಯಿ ಓಡಿಬರುವುದು ತನ್ನ ಯಜಮಾನನ ಕಾಲಬುಡಕ್ಕೆ.

ಇನ್ನು ಹಗ್ಗ. ನಮ್ಮ ದೇಸಿ ನಾಯಿಗಳ ತಲೆ ಕುತ್ತಿಗೆಗಿಂತ ಅಷ್ಟೇನೂ ಅಗಲವಿರುವುದಿಲ್ಲ. ಹೆದರಿ ಹಿಂದಕ್ಕೆ ಜಗ್ಗಿದರೆ ಸಾಮಾನ್ಯ ಕಾಲರ್ ಕಿವಿಯ ಮೇಲೆ ಜಾರಿ ಬರುತ್ತದೆ. ಆದ್ದರಿಂದ ಎಳೆದಾಗ ಒಂದು ಮಿತಿಯವರೆಗೆ ಬಿಗಿಯಾಗುವ ಮಾರ್ಟಿಂಗೇಲ್ ಕಾಲರ್ ಒಂದು, ಎದೆಗೂ ಹೊಟ್ಟೆಗೂ ಪಟ್ಟಿ ಬರುವ ಹಾರ್ನೆಸ್ ಒಂದು, ಎರಡಕ್ಕೂ ಬೇರೆ ಬೇರೆ ಕೊಕ್ಕೆ ಹಾಕಿ. ಹಗ್ಗ ಎರಡು ಮೀಟರ್ ಉದ್ದದ್ದು, ಅಗಲ ಪಟ್ಟಿಯದ್ದು ಇರಲಿ. ಸುರುಳಿ ಸುತ್ತಿಕೊಳ್ಳುವ ಹಗ್ಗ ಬೇಡವೇ ಬೇಡ: ಕೈಜಾರಿದರೆ ಅದರ ಪ್ಲಾಸ್ಟಿಕ್ ಹಿಡಿ ಗಡಗಡ ಸದ್ದು ಮಾಡುತ್ತ ನಾಯಿಯ ಬೆನ್ನಟ್ಟುತ್ತದೆ, ಹೆದರಿದ ನಾಯಿ ಇನ್ನೂ ಜೋರಾಗಿ ಓಡುತ್ತದೆ. ಹಾರ್ನೆಸ್ ಪಟ್ಟಿಯ ಅಡಿ ಎರಡು ಬೆರಳು ತೂರಬೇಕು, ಮೂರು ತೂರಿದರೆ ಸಡಿಲ. ಚಳಿಗಾಲದಲ್ಲಿ ಇಲ್ಲೊಂದು ಎಡವಟ್ಟಾಗುತ್ತದೆ. ಸ್ವೆಟರ್ ಮೇಲೆ ಅಳತೆ ಮಾಡಿ ಬಿಗಿದ ಹಾರ್ನೆಸ್, ಬಿಸಿಲೇರಿ ಸ್ವೆಟರ್ ಬಿಚ್ಚಿದ ಮೇಲೆ ಸಡಿಲವಾಗಿರುತ್ತದೆ. ಪ್ರತಿ ಸಲ ಪಟ್ಟಿ ಮತ್ತೆ ಬಿಗಿಯಿರಿ.

ಕಾಲರ್ ಮೇಲೆ ಎರಡು ಫೋನ್ ನಂಬರ್ ಇರಬೇಕು, ಎರಡೂ ಪ್ರವಾಸಕ್ಕೆ ಬರುವವರದೇ ಆಗಿದ್ದರೆ ಪ್ರಯೋಜನ ಕಡಿಮೆ. ತೋಟಗಳಲ್ಲಿ ನೆಟ್‌ವರ್ಕ್ ಸಿಗದ ಜಾಗವೇ ಹೆಚ್ಚು, ಒಂದು ನಂಬರ್ ಊರಿನಲ್ಲೇ ಉಳಿಯುವವರದಿರಲಿ. ಮೊಬೈಲ್ ನೆಟ್‌ವರ್ಕ್ ನಂಬಿದ ಜಿಪಿಎಸ್ ಟ್ರ್ಯಾಕರ್‌ಗೂ ಇದೇ ಕೊರತೆ.

ಕಾರಿನ ಅಭ್ಯಾಸ ಎರಡು ವಾರ ಮೊದಲು ಆರಂಭವಾಗಲಿ. ಮೊದಲು ನಿಂತ ಕಾರಿನಲ್ಲಿ ಕೂರಿಸಿ ತಿಂಡಿ ಕೊಡಿ. ಆಮೇಲೆ ಹತ್ತು ನಿಮಿಷದ ಸುತ್ತು, ಅರ್ಧ ಗಂಟೆ, ಒಂದು ಗಂಟೆ. ಜೊಲ್ಲು ಸುರಿಸುವುದು, ಪದೇ ಪದೇ ಆಕಳಿಸುವುದು, ತುಟಿ ನೆಕ್ಕುವುದು ವಾಂತಿಯ ಮುನ್ಸೂಚನೆ. ಒಂದು ಗಂಟೆಯ ಸುತ್ತಿನಲ್ಲೂ ಹಾಗೇ ಇದ್ದರೆ ವೈದ್ಯರನ್ನು ಕೇಳಿ, ಮರೋಪಿಟೆಂಟ್ ಎಂಬ ಮಾತ್ರೆಯನ್ನು ತೂಕ ನೋಡಿ ಬರೆದುಕೊಡುತ್ತಾರೆ. ಬೆಳಗ್ಗೆ ಆರಕ್ಕೆ ಹೊರಡುವುದಾದರೆ ಹಿಂದಿನ ರಾತ್ರಿ ಎಂಟರೊಳಗೆ ಊಟ ಮುಗಿಸಿ, ಬೆಳಗಿನದ್ದು ಬಿಟ್ಟುಬಿಡಿ. ನೀರು ಮಾತ್ರ ನಿಲ್ಲಿಸಬಾರದು. ಎರಡು ಗಂಟೆಗೊಮ್ಮೆ ಕಾರು ನಿಲ್ಲಿಸಿ. ಇಲ್ಲಿ ಒಂದು ಕ್ರಮ ತಪ್ಪಬಾರದು: ಬಾಗಿಲು ಮುಚ್ಚಿರುವಾಗಲೇ ಹಗ್ಗ ಹಾಕಿ, ತುದಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡು, ಆಮೇಲೆ ಬಾಗಿಲು ತೆರೆಯಬೇಕು. ಹೆದ್ದಾರಿ ಬದಿಯ ಹೋಟೆಲ್ ಮುಂದೆ ತೆರೆದ ಬಾಗಿಲಿನಿಂದ ಜಿಗಿದರೆ ಎದುರಿಗೇ ಲಾರಿಗಳು.

ಹಿಂದಿನ ಸೀಟಿನಲ್ಲಿ ಹಾರ್ನೆಸ್ಸನ್ನು ಸೀಟ್ ಬೆಲ್ಟ್‌ಗೆ ಜೋಡಿಸುವ ಪಟ್ಟಿ ಸಿಗುತ್ತದೆ. ಅದನ್ನು ಕಾಲರ್‌ಗೆ ಎಂದೂ ಹಾಕಬೇಡಿ, ಬ್ರೇಕ್ ಹಿಡಿದಾಗ ಕುತ್ತಿಗೆಗೆ ಪೆಟ್ಟಾಗುತ್ತದೆ. ಚಳಿಗಾಲ ತಾನೇ ಎಂದು ಮುಚ್ಚಿದ ಕಾರಿನಲ್ಲಿ ಬಿಟ್ಟು ಹೋಗುವುದೂ ತಪ್ಪು. ಹೊರಗೆ 22 ಡಿಗ್ರಿ ಇದ್ದರೂ ಬಿಸಿಲಿಗೆ ನಿಂತ ಕಾರಿನ ಒಳಗೆ ಒಂದು ಗಂಟೆಯಲ್ಲಿ 40 ದಾಟುತ್ತದೆ, ಅದರಲ್ಲಿ ಬಹುಪಾಲು ಏರುವುದು ಮೊದಲ ಅರ್ಧ ಗಂಟೆಯಲ್ಲೇ. ಹಾಗಾಗಿ ನಾಯಿಯನ್ನು ಒಳಗೆ ಬಿಡದ ಬೇಲೂರು, ಹಳೇಬೀಡಿನ ದೇವಸ್ಥಾನಗಳನ್ನು ಈ ಸಲದ ಪಟ್ಟಿಯಿಂದ ತೆಗೆದುಬಿಡಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಸಫಾರಿಗೂ ನಾಯಿಯನ್ನು ಒಯ್ಯುವಂತಿಲ್ಲ. ಅದು ಸರಿಯಾದ ನಿಯಮವೂ ಹೌದು, ನಾಯಿಗಳ ಡಿಸ್ಟೆಂಪರ್ ಕಾಡುಪ್ರಾಣಿಗಳಿಗೂ ಅಂಟುತ್ತದೆ.

ತಲುಪಿದ ಕೂಡಲೇ ತೋಟ ತೋರಿಸಲು ಹೋಗಬೇಡಿ. ಹೋಂಸ್ಟೇಯ ನಾಯಿಗಳ ಪರಿಚಯ ಗೇಟಿನ ಹೊರಗೇ ಆಗಲಿ: ಎರಡೂ ಹಗ್ಗದಲ್ಲಿ, ಹತ್ತು-ಹದಿನೈದು ಅಡಿ ಅಂತರದಲ್ಲಿ, ಒಂದೇ ದಿಕ್ಕಿಗೆ ನಡೆಯುತ್ತ. ಮುಖಾಮುಖಿ ನಿಲ್ಲಿಸಿ ಮೂಸಲು ಬಿಟ್ಟರೆ ಜಗಳ ಹತ್ತುವುದೇ ಹೆಚ್ಚು. ಅನಂತರ ರೂಮಿಗೆ ಕರೆತಂದು, ಮನೆಯಲ್ಲಿ ಹಾಸುತ್ತಿದ್ದ, ಒಗೆಯದ ಚಾದರವನ್ನೇ ಹಾಸಿ ಎರಡು ಗಂಟೆ ಸುಮ್ಮನೆ ಬಿಡಿ. ಎರಡು ದಿನವೂ ಊಟ, ನಡಿಗೆ, ನಿದ್ದೆಯ ಹೊತ್ತು ಮನೆಯದ್ದೇ ಇರಲಿ. ರೂಮಿನಲ್ಲಿ ಒಂಟಿಯಾಗಿ ಬಿಡಬೇಡಿ. ರೂಮು ಸ್ವಚ್ಛ ಮಾಡಲು ಬಂದವರು ಬಾಗಿಲು ತೆಗೆದ ಆ ಕ್ಷಣವೇ ನಾಯಿ ಕಳೆದುಹೋಗುವ ಕ್ಷಣ.

ಜನವರಿಯ ರಾತ್ರಿ ಇಲ್ಲಿ 12ರಿಂದ 15 ಡಿಗ್ರಿಯ ಆಸುಪಾಸು. ಆರೋಗ್ಯವಂತ ಪ್ರಾಯದ ನಾಯಿಗೆ ಇದು ಅಪಾಯದ ಚಳಿಯಲ್ಲ. ಕಾವೆಲ್ಲ ಸೋರುವುದು ರೆಡ್ ಆಕ್ಸೈಡ್ ಅಥವಾ ಟೈಲ್ಸ್ ನೆಲಕ್ಕೆ. ಕೆಳಗೆ ಎರಡು ಗೋಣಿಚೀಲ, ಮೇಲೆ ಕಂಬಳಿ ಹಾಸಿದರೆ ಸ್ವೆಟರಿಗಿಂತ ಹೆಚ್ಚು ಉಪಯೋಗ. ಬೆಳಗಿನ ಇಬ್ಬನಿಯಲ್ಲಿ ನೆನೆದ ಸ್ವೆಟರ್ ಮೈಮೇಲೆ ಉಳಿದರೆ ಬರಿಮೈಗಿಂತ ಜಾಸ್ತಿ ಚಳಿ, ಬಂದ ಕೂಡಲೇ ಬಿಚ್ಚಿ ಹೊಟ್ಟೆ, ಪಾದ ಒರೆಸಿ. ಅಗ್ಗಿಷ್ಟಿಕೆಯ ಕೆಂಡವನ್ನು ಮುಚ್ಚಿದ ರೂಮಿನಲ್ಲಿ ಇಟ್ಟು ಮಲಗಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಮನುಷ್ಯ, ನಾಯಿ ಇಬ್ಬರಿಗೂ ಅದು ಪ್ರಾಣಾಂತಿಕ.

ಡಿಸೆಂಬರ್, ಜನವರಿ ಕಾಫಿ ಕೊಯ್ಲಿನ ಕಾಲ. ಅರೇಬಿಕಾ ಮುಗಿಯುತ್ತ, ರೊಬಸ್ಟಾ ಶುರುವಾಗುತ್ತಿರುತ್ತದೆ, ಕಣದ ತುಂಬ ಹಣ್ಣು ಹರಡಿರುತ್ತಾರೆ. ಹಣ್ಣಿನ ಸಿಪ್ಪೆ ಸಿಹಿ, ನಾಯಿಗಳು ಬಾಯಿ ಹಾಕುತ್ತವೆ. ಒಳಗಿನ ಬೀಜದ ಕೆಫೀನ್ ಅವಕ್ಕೆ ವಿಷ. ಚಡಪಡಿಕೆ, ವಾಂತಿ, ಎದೆ ಡವಗುಟ್ಟುವುದು ಕಂಡರೆ ಕಾಯದೆ ವೈದ್ಯರ ಬಳಿ ಹೋಗಿ. ಕಣದ ಸುತ್ತ, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಪಕ್ಕದ ಗುಂಡಿಗಳ ಸುತ್ತ ನಡಿಗೆ ಬೇಡ. ಹಂದಿಗೆಂದು ಒಡ್ಡಿದ ಉರುಳು ತೋಟದ ಅಂಚಿನಲ್ಲಿರಬಹುದು, ನಡಿಗೆ ತೋಟದ ರಸ್ತೆಯಲ್ಲೇ ಇರಲಿ.

ಉಣುಗಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಚಳಿಗಾಲದಲ್ಲಿ ಒಣಗಿ ಬಿದ್ದ ದರಗಿನಲ್ಲಿ ಎಳೆ ಉಣುಗುಗಳು ಸಾಸಿವೆ ಕಾಳಿಗಿಂತ ಚಿಕ್ಕವಾಗಿ ಕಾದಿರುತ್ತವೆ. ನಾಯಿಗೆ ಅವುಗಳಿಂದ ಎರ್ಲಿಕಿಯ, ಬಬೀಸಿಯ ಜ್ವರ ಬರುತ್ತದೆ. ಮನುಷ್ಯರಿಗೆ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆಯ ಕಾಲ ಶುರುವಾಗುವುದೇ ಡಿಸೆಂಬರ್ ಹೊತ್ತಿಗೆ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಮಲೆನಾಡಿಗೆ ಹೋಗುವವರು, ಆ ಊರಿನ ಸುತ್ತ ಮಂಗ ಸತ್ತ ಸುದ್ದಿ ಇದ್ದರೆ ಪ್ರವಾಸವನ್ನೇ ರದ್ದು ಮಾಡಿ.

ಉಣುಗಿಗೆ ಕೊಡುವ ಮಾತ್ರೆಗಳಲ್ಲಿ ತಿಂಗಳಿಗೊಂದು ಅಫಾಕ್ಸೊಲನರ್, ಹನ್ನೆರಡು ವಾರಕ್ಕೊಂದು ಫ್ಲುರಲನರ್ ಹೆಚ್ಚು ಬಳಕೆಯಲ್ಲಿವೆ. ಇವನ್ನು ಹೊರಡುವ ಹಿಂದಿನ ದಿನವಲ್ಲ, ಒಂದು ವಾರ ಮೊದಲೇ ವೈದ್ಯರ ಸಲಹೆಯಂತೆ ಕೊಡಿ. ಫಿಟ್ಸ್ ಬರುವ ನಾಯಿಗೆ ಈ ಗುಂಪಿನ ಔಷಧಿ ಆಗದೇ ಇರಬಹುದು, ದತ್ತು ತಂದ ನಾಯಿಯ ಹಿಂದಿನ ಚರಿತ್ರೆ ನಿಮಗೆ ಗೊತ್ತಿರುವುದಿಲ್ಲ. ಆ ವಾರ ಮನೆಯಲ್ಲೇ ಗಮನಿಸಲು ಸಿಗುತ್ತದೆ. ಬೆನ್ನಿಗೆ ಹಾಕುವ ಫಿಪ್ರೊನಿಲ್ ಆದರೆ ಹಾಕುವ ಎರಡು ದಿನ ಮೊದಲೂ ಆಮೇಲೂ ಸ್ನಾನ ಬೇಡ. ಮಾತ್ರೆ ಕೊಟ್ಟಿದೆ ಎಂದು ನಿಶ್ಚಿಂತರಾಗಬೇಡಿ, ಅದು ಕೊಲ್ಲುವುದು ಕಚ್ಚಿದ ಉಣುಗನ್ನು ಮಾತ್ರ. ಕಚ್ಚದೆ ಕೂದಲಲ್ಲಿ ಕೂತು ಬಂದದ್ದು ನಿಮ್ಮ ಹಾಸಿಗೆಗೆ ಇಳಿಯುತ್ತದೆ. ಉಣುಗು ಹತ್ತದಿರಲೆಂದು ಜನರು ಹಚ್ಚಿಕೊಳ್ಳುವ ಡೆಪಾ ಎಣ್ಣೆಯನ್ನು ನಾಯಿಗೆ ಹಚ್ಚಬೇಡಿ.

ಪ್ರತಿ ನಡಿಗೆಯ ನಂತರ ರೂಮಿಗೆ ಬರುವ ಮೊದಲೇ ಹುಡುಕಿ: ಕಿವಿಯ ಒಳಮಡಿಕೆ, ರೆಪ್ಪೆ, ಕಾಲರ್ ಅಡಿ, ಕಂಕುಳು, ಬೆರಳ ಸಂದು, ಬಾಲದ ಬುಡ. ಕಚ್ಚಿಕೊಂಡಿದ್ದರೆ ಕೈಗವಸು ಹಾಕಿ, ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು, ತಿರುಚದೆ ನಿಧಾನವಾಗಿ ನೇರ ಮೇಲಕ್ಕೆ ಎಳೆಯಿರಿ. ಬೆಂಕಿಕಡ್ಡಿ, ಸೀಮೆಎಣ್ಣೆ, ಕೊಬ್ಬರಿ ಎಣ್ಣೆ ಬೇಡ. ಕೆರಳಿದ ಉಣುಗು ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಗೇ ಕಕ್ಕಬಹುದು. ಬೆರಳಿನಲ್ಲಿ ಹಿಸುಕಬಾರದು, ಸ್ಪಿರಿಟ್ ತುಂಬಿದ ಸಣ್ಣ ಡಬ್ಬಿಗೆ ಹಾಕಿ.

ಊಟ ಮನೆಯದ್ದೇ, ಅಳೆದು ಪೊಟ್ಟಣ ಕಟ್ಟಿ ಒಯ್ಯಿರಿ, ಒಂದು ಹೊತ್ತಿನದು ಹೆಚ್ಚಿಗೆ. ಮೊದಲ ದಿನ ಅರ್ಧ ತಿಂದು ಬಿಟ್ಟರೆ ಗಾಬರಿ ಬೇಡ. ಹದಿನೈದು ಕೆಜಿಯ ನಾಯಿಗೆ ದಿನಕ್ಕೆ ಸುಮಾರು ಒಂದು ಲೀಟರ್ ಲೆಕ್ಕದಲ್ಲಿ ಕುಡಿಯುವ ನೀರೂ ಜೊತೆಯಲ್ಲಿರಲಿ. ಈ ಕಾಲದ ಪ್ರವಾಸಿ ತಿನಿಸುಗಳಲ್ಲಿ ನಾಯಿಗೆ ವಿಷವಾಗುವಂಥವು ಬಹಳ: ಪ್ಲಮ್ ಕೇಕಿನ ಒಣದ್ರಾಕ್ಷಿ, ಹೋಂಮೇಡ್ ಚಾಕೊಲೇಟ್, ಈರುಳ್ಳಿ-ಬೆಳ್ಳುಳ್ಳಿ ಹಾಕಿದ ಮಸಾಲೆ. ಬೇಯಿಸಿದ ಕೋಳಿ ಮೂಳೆ ವಿಷವಲ್ಲ, ಆದರೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಕ್ಯಾಂಪ್‌ಫೈರ್ ಸುತ್ತ ಅದೇ ಬಿದ್ದಿರುತ್ತದೆ. ಜ್ವರವೋ ನೋವೋ ಎಂದು ಪ್ಯಾರಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ.

ಇಷ್ಟಾಗಿಯೂ ನಾಯಿ ತಪ್ಪಿಸಿಕೊಂಡರೆ ಬೆನ್ನಟ್ಟಬೇಡಿ, ಕೂಗಿ ಕರೆಯಬೇಡಿ. ಅಟ್ಟಿದಷ್ಟೂ ದೂರ ಹೋಗುತ್ತದೆ. ಕೊನೆಗೆ ಕಂಡ ಜಾಗದಲ್ಲಿ ಅದರ ಚಾದರ, ಊಟದ ತಟ್ಟೆ ಇಟ್ಟು, ಒಬ್ಬರು ಅಲ್ಲೇ ನೆಲದಲ್ಲಿ ಮುಖ ಪಕ್ಕಕ್ಕೆ ತಿರುಗಿಸಿ ಕೂತಿರಿ. ಕಾರಿನ ಬಾಗಿಲು ತೆರೆದಿಡಿ. ಇನ್ನೊಬ್ಬರು ತೋಟದ ಕೆಲಸ ನೋಡಿಕೊಳ್ಳುವ ರೈಟರಿಗೂ ಕಾರ್ಮಿಕರ ಲೈನ್ ಮನೆಯವರಿಗೂ ಫೋಟೊ ತೋರಿಸಿ, ‘ಹಿಡಿಯಬೇಡಿ, ಕಂಡ ಜಾಗ ತಿಳಿಸಿ ಸಾಕು’ ಎಂದು ಹೇಳಿಬರಲಿ. ಬೆಳಗ್ಗೆಯಿಂದ ಸಂಜೆವರೆಗೆ ತೋಟದ ಮೂಲೆಮೂಲೆಯಲ್ಲಿ ಇರುವವರು ಅವರು. ಜನರ ಓಡಾಟ ನಿಂತ ಮೇಲೆ, ಮುಸ್ಸಂಜೆಯಲ್ಲೋ ನಸುಕಿನಲ್ಲೋ, ನಾಯಿ ಅದೇ ಜಾಗಕ್ಕೆ ಸುತ್ತಿ ಬರುವ ಸಾಧ್ಯತೆ ಹೆಚ್ಚು. ಸೋಮವಾರ ರಜೆ ಹಾಕಿ ಉಳಿಯಬೇಕಾಗಿ ಬಂದರೆ ಉಳಿಯಿರಿ.

ಮನೆಗೆ ಮರಳಿದ ದಿನವೇ ಚಾದರ, ಸೀಟಿನ ಹೊದಿಕೆ, ನಿಮ್ಮ ಬಟ್ಟೆ ಎಲ್ಲವನ್ನೂ ಬಿಸಿನೀರಿನಲ್ಲಿ ಒಗೆಯಿರಿ. ಮುಂದಿನ ಮೂರು ವಾರ ನಾಯಿಯ ಮೇಲೆ ಒಂದು ಕಣ್ಣಿರಲಿ. ನಾಯಿಯ ಸಹಜ ಉಷ್ಣತೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 103 ದಾಟಿದರೆ, ಊಟ ಬಿಟ್ಟರೆ, ಒಸಡು ಬಿಳುಚಿದರೆ, ಮೂಗಿನಲ್ಲಿ ರಕ್ತ ಕಂಡರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ, ಮಲೆನಾಡಿಗೆ ಹೋಗಿ ಬಂದದ್ದನ್ನು ವೈದ್ಯರಿಗೆ ಮೊದಲೇ ಹೇಳಿ. ಈ ಅವಧಿಯಲ್ಲಿ ನಿಮಗೆ ಜ್ವರ ಬಂದರೆ ನಿಮ್ಮ ವೈದ್ಯರಿಗೂ ಅದನ್ನೇ ಹೇಳಿ.